ಕ್ಲಾಸಿಕ್ ರಾಕ್ ಸ್ಟೇಷನ್ ಒಂದಕ್ಕೆ ಮೂರು ಹುಟ್ಟಿದ ವರ್ಷ: ಯಾವುದನ್ನು ನಂಬೋದು?

ಪ್ರಶ್ನೆ (ಹಾಡುಪಟ್ಟಿ):

ನಮಸ್ಕಾರ. ಅಮೆರಿಕದ ಮಧ್ಯಮ ಗಾತ್ರದ ಊರೊಂದರ ಕ್ಲಾಸಿಕ್ ರಾಕ್ (ಹಳೇ ರಾಕ್ ಹಾಡುಗಳ) ಎಫ್‌ಎಂ ಸ್ಟೇಷನ್ನಿನ ಇತಿಹಾಸ ಬರೆಯುವ ಕೆಲಸ ನಡೆದಿದೆ. ಸ್ಟೇಷನ್ನಿನವರ ಸ್ಟಿಕ್ಕರ್ ಮೇಲೆ 1986 ಅಂತಿದೆ. ಅದೇ ಕಾಲ್ ಲೆಟರ್ಸ್ (ಸ್ಟೇಷನ್ನಿನ ಅಧಿಕೃತ ಅಕ್ಷರ-ಹೆಸರು) 1971ರ ಪತ್ರಿಕೆಯಲ್ಲೂ ಸಿಗುತ್ತದೆ. ಟವರ್ ಕಟ್ಟಲು ಅನುಮತಿ ಸಿಕ್ಕಿದ್ದು 1962ರಲ್ಲಿ. ಹುಟ್ಟಿದ ವರ್ಷ ಅಂತ ಯಾವುದನ್ನು ಹಿಡಿಯೋದು?

ಇದರ ಜೊತೆ ಒಂದು ಪೆಟ್ಟಿಗೆ ತುಂಬ ಕಾಲು ಇಂಚು ಅಗಲದ ಟೇಪಿನ ರೀಲ್, ಕಾರ್ಟ್ (ಲೂಪ್ ಟೇಪಿರುವ ಪ್ಲಾಸ್ಟಿಕ್ ಡಬ್ಬಿ), ಕ್ಯಾಸೆಟ್ ಇವೆ. ಮುಕ್ಕಾಲು ಪಾಲಿಗೆ ತಾರೀಖಿಲ್ಲ. ಒಂದು ರೀಲ್ ಓಡಿಸಿದರೆ ಕಿರ್ರನೆ ಸದ್ದು ಮಾಡಿ ನಿಂತುಬಿಡುತ್ತದೆ. ಏನು ಮಾಡಬೇಕು?

ಅಲೆಮಾರಿ:

ಮೂರೂ ಸರಿಯಾಗಿರಬಹುದು. ಸ್ಟೇಷನ್ ಅನ್ನೋದು ಒಂದೇ ವಸ್ತುವಲ್ಲ. ಲೈಸೆನ್ಸ್, ಫ್ರೀಕ್ವೆನ್ಸಿ, ಕಾಲ್ ಲೆಟರ್ಸ್, ಕರೆಯುವ ಹೆಸರು, ಹಾಡಿನ ಫಾರ್ಮ್ಯಾಟ್ ಇವೆಲ್ಲ ಬೇರೆಬೇರೆ ಕಾಲಕ್ಕೆ ಬದಲಾಗುತ್ತವೆ. ಬೆನ್ನೆಲುಬು ಲೈಸೆನ್ಸ್. ಹೆಸರಿನ ಹಿಂದೆ ಹೋದರೆ ದಾರಿ ತಪ್ಪುವುದು ಖಂಡಿತ.

ಮೊದಲು ಎಫ್‌ಸಿಸಿಯ (ಅಮೆರಿಕದಲ್ಲಿ ರೇಡಿಯೊ ಲೈಸೆನ್ಸ್ ಕೊಡುವ ಸರ್ಕಾರಿ ಆಯೋಗ) ಡೇಟಾಬೇಸಿನಲ್ಲಿ ಈಗಿನ ಕಾಲ್ ಲೆಟರ್ಸ್ ಹಾಕಿ ಫೆಸಿಲಿಟಿ ಐಡಿ ಹುಡುಕಿ. ಹೆಸರು ಎಷ್ಟು ಸಲ ಬದಲಾದರೂ ಈ ಸಂಖ್ಯೆ ಲೈಸೆನ್ಸಿಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಸ್ಟೇಷನ್ನಿನ ಬಗ್ಗೆ ಎಫ್‌ಸಿಸಿ ಬರೆದಿಟ್ಟ ಹಿಸ್ಟರಿ ಕಾರ್ಡ್ ತೆಗೆಯಿರಿ. ಸುಮಾರು 1981ರವರೆಗಿನ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಮಾಲೀಕರು ಬದಲಾದದ್ದು, ಪವರ್, ಆಂಟೆನಾ ಎತ್ತರ, ಕಾಲ್ ಲೆಟರ್ಸ್ ಬದಲಾದ ದಿನ ಎಲ್ಲ ಅದರಲ್ಲಿರುತ್ತದೆ. ‘ಸಿಪಿ’ ಅಂತ ಕಂಡರೆ ಅದು ಕಟ್ಟಲು ಕೊಟ್ಟ ಅನುಮತಿ ಅಷ್ಟೇ, ಪ್ರಸಾರವಲ್ಲ. ಸಿಪಿ ಸಿಕ್ಕಿ ವರ್ಷಗಟ್ಟಲೆ ಟವರ್ ಏಳದ ಉದಾಹರಣೆ ಬೇಕಾದಷ್ಟಿವೆ. ನಿಮ್ಮ 1962 ಇದೇ ಇರಬೇಕು.

ಕಾರ್ಡ್ ಜೊತೆ ಸ್ಟೇಷನ್ನುಗಳ ವಾರ್ಷಿಕ ಡೈರೆಕ್ಟರಿ ‘ಬ್ರಾಡ್‌ಕಾಸ್ಟಿಂಗ್ ಇಯರ್‌ಬುಕ್’ ಇಟ್ಟುಕೊಳ್ಳಿ. ಒಂದು ವರ್ಷದ ಪುಸ್ತಕಕ್ಕೆ ಮಾಹಿತಿ ಸೇರಿಸಿರೋದು ಹಿಂದಿನ ವರ್ಷ. ಆದ್ದರಿಂದ ಒಂದೇ ಸಂಪುಟ ನೋಡಿ ತೀರ್ಮಾನಕ್ಕೆ ಬರಬೇಡಿ, ಸಾಲಾಗಿ ಮೂರು ನೋಡಿ.

ಜನ ಒಂದು ಕಡೆ, ಲೈಸೆನ್ಸ್ ಇನ್ನೊಂದು ಕಡೆ ಹೋಗುವುದೂ ಉಂಟು. ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್‌ನಲ್ಲಿ 1967ರಲ್ಲಿ ಟಾಮ್ ಡೊನಾಹ್ಯೂ ಹೊಸ ಬಗೆಯ ರಾಕ್ ರೇಡಿಯೊ ಕಟ್ಟಿದರು. 1968ರಲ್ಲಿ ಅಲ್ಲಿನ ಸಿಬ್ಬಂದಿ ಮುಷ್ಕರ ಹೂಡಿದರು. ಬಹುಪಾಲು ಮಂದಿ ಮೆಟ್ರೊಮೀಡಿಯಾ ಸಂಸ್ಥೆಯ ಶಾಸ್ತ್ರೀಯ ಸಂಗೀತದ ಸ್ಟೇಷನ್ನಿಗೆ ಬಂದರು, ಅದು ಕೆಸ್ಯಾನ್ ಆಯಿತು. ಕೇಳುಗರು ಹೋದದ್ದು ದನಿಯ ಹಿಂದೆ. ಫ್ರೀಕ್ವೆನ್ಸಿ ನೋಡಿದರೆ ಕೆಎಂಪಿಎಕ್ಸ್‌ನ 106.9 ಬೇರೆ, ಕೆಸ್ಯಾನಿನ 94.9 ಬೇರೆ. ಇಂಥ ಕಡೆ ಎರಡು ಎಳೆಯನ್ನೂ ಬಿಡಿಸಿ ಬರೆಯಬೇಕು.

ಹಳೇ ಆಂಟೆನಾ:

1971 ಮತ್ತು 1986ರ ನಡುವೆ ಏನಾಯಿತು ಅನ್ನೋದೇ ಈ ಕಥೆಯ ತಿರುಳು.

1960ರ ದಶಕದ ಆರಂಭದಲ್ಲಿ ಎಫ್‌ಎಂ ಲೈಸೆನ್ಸ್ ಹೊಂದಿದ್ದ ಹೆಚ್ಚಿನವರು ತಮ್ಮ ಎಎಂ ಸ್ಟೇಷನ್ನಿನ ಕಾರ್ಯಕ್ರಮವನ್ನೇ ಅದರಲ್ಲೂ ಬಿಡುತ್ತಿದ್ದರು. 1964ರಲ್ಲಿ ಎಫ್‌ಸಿಸಿ ನಿಯಮ ತಂದಿತು: ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ಎಫ್‌ಎಂ ತನ್ನ ಸಮಯದ ಅರ್ಧಕ್ಕಿಂತ ಹೆಚ್ಚು ಎಎಂ ನಕಲು ಮಾಡುವಂತಿಲ್ಲ. 1967ರ ಹೊತ್ತಿಗೆ ಅದು ಬಿಗಿಯಾಗಿ ಜಾರಿಗೆ ಬಂತು. ಖಾಲಿ ಬಿದ್ದ ಗಂಟೆಗಳನ್ನು ಕಡಿಮೆ ಖರ್ಚಿನಲ್ಲಿ ತುಂಬಬೇಕಿತ್ತು. ಉದ್ದನೆಯ ಆಲ್ಬಮ್ ಹಾಡುಗಳಿಗೆ ಜಾಗ ಸಿಕ್ಕಿದ್ದು ಹಾಗೆ. 1961ರಲ್ಲೇ ಒಪ್ಪಿಗೆ ಸಿಕ್ಕಿದ್ದ ಸ್ಟೀರಿಯೊ ಪ್ರಸಾರವೂ ಕೈಹಿಡಿಯಿತು. ನ್ಯೂಯಾರ್ಕಿನ ಡಬ್ಲ್ಯುಎನ್‌ಇಡಬ್ಲ್ಯು-ಎಫ್‌ಎಂ 1967ರಲ್ಲಿ, ಬಾಸ್ಟನ್ನಿನ ಡಬ್ಲ್ಯುಬಿಸಿಎನ್ 1968ರ ಮಾರ್ಚಿನಲ್ಲಿ ಈ ಕಡೆ ತಿರುಗಿದವು. ಸಣ್ಣ ಊರುಗಳಿಗೆ ಗಾಳಿ ಬೀಸಲು ಇನ್ನೂ ಎರಡು-ಮೂರು ವರ್ಷ ಹಿಡಿಯಿತು, ಆದ್ದರಿಂದ 1971 ಅಚ್ಚರಿಯೇನಲ್ಲ.

ಆದರೆ ಆಗ ‘ಕ್ಲಾಸಿಕ್ ರಾಕ್’ ಅನ್ನುವ ಫಾರ್ಮ್ಯಾಟೇ ಇರಲಿಲ್ಲ. ಇವತ್ತು ನಾವು ಹಳೇ ಹಾಡು ಅನ್ನೋದೆಲ್ಲ ಆಗ ಅಂಗಡಿಗೆ ಬಂದ ಹೊಸ ಮಾಲು. ಡಿಜೆ ತನಗೆ ಬೇಕಾದ್ದನ್ನು ಹಾಕುತ್ತಿದ್ದ. 1970ರ ದಶಕದಲ್ಲಿ ಲೀ ಏಬ್ರಮ್ಸ್ ಅವರಂಥ ಸಲಹೆಗಾರರು ಬಂದು ಆಯ್ಕೆಯನ್ನು ಬಿಗಿ ಮಾಡಿದರು, ಅದಕ್ಕೆ ಎಒಆರ್ (ಆಲ್ಬಮ್ ಓರಿಯೆಂಟೆಡ್ ರಾಕ್) ಎಂಬ ಹೆಸರು ನಿಂತಿತು. ಸ್ಟುಡಿಯೊ ಮೇಜಿನ ಮೇಲೆ ಒಂದು ಕಾರ್ಡ್ ಪೆಟ್ಟಿಗೆ: ಒಂದೊಂದು ಹಾಡಿಗೆ ಒಂದೊಂದು ಕಾರ್ಡ್. ಮುಂದಿನ ಕಾರ್ಡ್ ತೆಗೆದು ಹಾಡು ಹಾಕಬೇಕು, ಅದರ ಮೇಲೆ ಸಮಯ ಮತ್ತು ಇನಿಶಿಯಲ್ ಬರೆಯಬೇಕು, ಹಿಂದಕ್ಕೆ ಸೇರಿಸಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಇಂಥ ಕಾರ್ಡುಗಳಿದ್ದರೆ ಟೇಪಿಗಿಂತ ಜೋಪಾನ ಮಾಡಿ. ಯಾವ ಹಾಡು ಎಷ್ಟು ಸಲ ಹೋಯಿತು ಅನ್ನೋದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಹೊಸ ಹಾಡನ್ನು ಪೂರ್ತಿ ಕೈಬಿಟ್ಟು ಹಳೆಯದನ್ನೇ ಹಾಕುವ ಪದ್ಧತಿ 1980ರ ದಶಕದ್ದು. ಫ್ರೆಡ್ ಜೇಕಬ್ಸ್ ಮಿಶಿಗನ್ನಿನ ಲ್ಯಾನ್ಸಿಂಗ್‌ನಲ್ಲಿ ಡಬ್ಲ್ಯುಎಂಎಂಕ್ಯುಗೆ ಈ ಫಾರ್ಮ್ಯಾಟ್ ಕೊಟ್ಟದ್ದು 1985ರಲ್ಲಿ. ನಿಮ್ಮ ಸ್ಟಿಕ್ಕರಿನ 1986 ಆ ಅಲೆಯದೇ. ಹಾಗಾಗಿ ‘1971ರಿಂದ ಕ್ಲಾಸಿಕ್ ರಾಕ್’ ಅಂತ ಮಾತ್ರ ಬರೆಯಬೇಡಿ. ಪರೀಕ್ಷೆ ಸುಲಭ: ಟೇಪಿನಲ್ಲಿ ಡಿಜೆ ಅದೇ ವಾರ ಬಂದ ಆಲ್ಬಮ್ ಪರಿಚಯಿಸುತ್ತಿದ್ದರೆ ಅದು ಎಒಆರ್ ಕಾಲ.

1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಗೆ ಒಂದು ಪ್ಯಾರಾ ಮೀಸಲಿಡಿ. ಒಬ್ಬರು ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದೆಂಬ ದೇಶಮಟ್ಟದ ಮಿತಿ ಹೋಯಿತು, ದೊಡ್ಡ ಮಾರುಕಟ್ಟೆಯಲ್ಲಿ ಒಬ್ಬರೇ 8 ಸ್ಟೇಷನ್ ಇಟ್ಟುಕೊಳ್ಳಬಹುದಾಯಿತು. ಆಮೇಲಿನ ಮಾಲೀಕತ್ವ ಗೋಜಲಾಗಿರುತ್ತದೆ, ಡೇಟಾಬೇಸಿನಲ್ಲಿ ಒಂದೊಂದೇ ವರ್ಗಾವಣೆ ನೋಡಬೇಕು.

ಟೇಪುಗಾರ:

ಕಿರ್ರೆನ್ನುವ ರೀಲನ್ನು ದಯವಿಟ್ಟು ಇನ್ನೊಮ್ಮೆ ಓಡಿಸಬೇಡಿ. ಒಂದೊಂದು ಓಟಕ್ಕೂ ಸದ್ದು ದಾಖಲಾಗಿರುವ ಆಕ್ಸೈಡ್ ಪದರ ಟೇಪ್ ಓದುವ ಹೆಡ್ಡಿಗೆ ಅಂಟಿಕೊಂಡು ಹೋಗುತ್ತಿರುತ್ತದೆ. ಡಬ್ಬಿಯ ಮೇಲೆ ಆಂಪೆಕ್ಸ್ 406, 456 ಅಥವಾ ಸ್ಕಾಚ್ 226 ಅಂತಿದ್ದರೆ ಕಾರಣ ಬಹುತೇಕ ಖಚಿತ: ಆಕ್ಸೈಡನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗಿದೆ. ಕಾಯಿಸಿ ತೇವ ತೆಗೆದರೆ ಕೆಲ ವಾರ ಸರಿಹೋಗುತ್ತದೆ.

ಕಾಯಿಸುವ ಮುಂಚೆ ರೀಲನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಸುತ್ತಿದ ಟೇಪಿನ ಮೂಲಕ ಬೆಳಕು ಹಾಯ್ದರೆ ಅದು ಅಸಿಟೇಟ್, ಅದನ್ನು ಕಾಯಿಸಲೇಬಾರದು, ಹಾಳಾಗುತ್ತದೆ. ಕಪ್ಪಗೆ ಕಂಡರೆ ಪಾಲಿಯೆಸ್ಟರ್. ಅದನ್ನು ಹಣ್ಣು-ತರಕಾರಿ ಒಣಗಿಸುವ ಡಿಹೈಡ್ರೇಟರಿನಲ್ಲಿ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ ಇಡಿ, ನಡುವೆ ಒಮ್ಮೆ ಮಗುಚಿ. ಯಂತ್ರದ ಗುಂಡಿಯ ಮೇಲಿನ ಅಂಕಿ ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಿ. ಅಡುಗೆಯ ಓವನ್ ಬೇಡ, ಉಷ್ಣತೆ ಏರಿಳಿಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಕಾಯಿಸಿದಷ್ಟೇ ಹೊತ್ತು ಆರಲು ಬಿಟ್ಟು ಆಮೇಲೆ ಓಡಿಸಿ.

ಸ್ಟೇಷನ್ನಿನ ರೀಲ್ ಸಾಮಾನ್ಯವಾಗಿ ಸೆಕೆಂಡಿಗೆ 7.5 ಇಂಚು. ಮನೆಯಲ್ಲಿ ರೆಕಾರ್ಡ್ ಮಾಡಿದ್ದು 3.75, ಅದೂ ಎರಡೂ ಬದಿ. ಸರಿಯಾದ ಸದ್ದಿನ ಜೊತೆಗೇ ಇನ್ನೊಂದು ಬದಿಯ ಮಾತು ಹಿಂದುಮುಂದಾಗಿ ಬೆರೆತು ಕೇಳಿದರೆ ಕ್ವಾರ್ಟರ್-ಟ್ರ್ಯಾಕ್ (ನಾಲ್ಕು ಪಟ್ಟೆಯ) ಟೇಪನ್ನು ಹಾಫ್-ಟ್ರ್ಯಾಕ್ (ಎರಡು ಪಟ್ಟೆಯ) ಮಷಿನ್‌ಗೆ ಹಾಕಿದ್ದೀರಿ ಅಂತ ಅರ್ಥ. ಪ್ರತಿ ರೀಲಿಗೂ ಹೆಡ್ಡಿನ ಅಜಿಮತ್ (ಟೇಪಿಗೆ ಹೆಡ್ ನಿಂತಿರುವ ಕೋನ) ಹೊಸದಾಗಿ ಹೊಂದಿಸಿ: ಎರಡೂ ಚಾನೆಲ್ ಮೊನೊಗೆ ಕೂಡಿಸಿ, ‘ಸ’ಕಾರಗಳು ಅತಿ ಸ್ಪಷ್ಟವಾಗಿ ಕೇಳುವವರೆಗೆ ಸ್ಕ್ರೂ ತಿರುಗಿಸಿ. 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ ಆಗಿ ಉಳಿಸಿ.

ಕಾರ್ಟಿನ ತೊಂದರೆ ಬೇರೆ. ಒಳಗಿನ ಸ್ಪಂಜಿನ ಪ್ಯಾಡ್ ಕೊಳೆತು ಅಂಟಾಗಿರುತ್ತದೆ, ಹಾಕುವ ಮುಂಚೆಯೇ ಬದಲಾಯಿಸಿ. ಕೊನೆಯಿಲ್ಲದ ಲೂಪ್ ಸರಾಗವಾಗಿ ಜಾರಲೆಂದು ಆ ಟೇಪಿನ ಬೆನ್ನಿಗೆ ಗ್ರಾಫೈಟ್ ಹಚ್ಚಿರುತ್ತಾರೆ, ರೀಲಿನಂತೆ ಅದನ್ನು ಕಾಯಿಸಲು ಹೋಗಬೇಡಿ. ಲೇಬಲ್ ನಂಬಬೇಡಿ. ಒಂದೇ ಕಾರ್ಟನ್ನು ಅಳಿಸಿ ಅಳಿಸಿ ಬಳಸುತ್ತಿದ್ದರು, ಲೇಬಲ್ ಮೇಲೆ ಲೇಬಲ್ ಇದ್ದರೆ ಒಂದೊಂದನ್ನೂ ಬಿಡಿಸಿ ಫೋಟೊ ತೆಗೆದಿಡಿ.

ಅಲೆಮಾರಿ:

ತಾರೀಖಿನ ಬಗ್ಗೆ ಎರಡು ಮಾತು. ಗಂಟೆ ಹೊಡೆಯುವ ಹೊತ್ತಿಗೆ ಕಾಲ್ ಲೆಟರ್ಸ್ ಹೇಳಿ, ಅದರ ಬೆನ್ನಿಗೇ ಲೈಸೆನ್ಸ್ ಇರುವ ಊರಿನ ಹೆಸರು ಹೇಳಬೇಕೆಂಬುದು ನಿಯಮ. ಮೊದಲು ಅದನ್ನು ಹುಡುಕಿ, ಹಿಸ್ಟರಿ ಕಾರ್ಡಿನೊಂದಿಗೆ ತಾಳೆ ನೋಡಿ. ತುರ್ತು ಎಚ್ಚರಿಕೆಯ ಪರೀಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಸ್ವರ ಒಟ್ಟಿಗೆ, 853 ಮತ್ತು 960 ಹರ್ಟ್ಸ್, ಉದ್ದಕ್ಕೆ ಕೂಗಿದರೆ ಅದು ಹಳೇ ಇಬಿಎಸ್ (ಎಮರ್ಜೆನ್ಸಿ ಬ್ರಾಡ್‌ಕಾಸ್ಟ್ ಸಿಸ್ಟಂ). ಮೊದಲು ಕರಕರ ಎನ್ನುವ ಮೂರು ಡಿಜಿಟಲ್ ಸದ್ದು ಬಂದರೆ ಅದು ಇಎಎಸ್ (ಎಮರ್ಜೆನ್ಸಿ ಅಲರ್ಟ್ ಸಿಸ್ಟಂ), 1997ರಿಂದ ಈಚಿನದು.

ಹಾಡಿನಿಂದ ಸಿಗೋದು ಕೆಳಗಿನ ಗಡಿ ಮಾತ್ರ: ಈ ಆಲ್ಬಮ್ ಬರುವ ಮುಂಚಿನ ಟೇಪ್ ಅಲ್ಲ ಅನ್ನಬಹುದು, ಅಷ್ಟೇ. ಸಂಗೀತ ಕಚೇರಿಯ ಜಾಹೀರಾತಿನಲ್ಲಿ ‘ಶುಕ್ರವಾರ, ಜುಲೈ 14’ ಅಂತ ಕೇಳಿಸಿದರೆ ಕ್ಯಾಲೆಂಡರ್ ಹಿಡಿಯಿರಿ. 1970ರ ದಶಕದಲ್ಲಿ ಹೊಂದುವುದು 1972 ಮತ್ತು 1978 ಎರಡೇ.

ಹಾಡುಪಟ್ಟಿ:

ಎಲ್ಲರಿಗೂ ಧನ್ಯವಾದ. ಹಿಸ್ಟರಿ ಕಾರ್ಡ್ ಸಿಕ್ಕಿತು. ಸಿಪಿ 1962, ಲೈಸೆನ್ಸ್ 1964ರ ಫೆಬ್ರವರಿ, ಕಾಲ್ ಲೆಟರ್ಸ್ ಬದಲಾವಣೆ 1971. ಹಾಗಾದರೆ ಪ್ರಸಾರ ಶುರುವಾದದ್ದು 1964 ಅಂತ ಬರೆಯಲೇ?

ಅಲೆಮಾರಿ:

ಈಗಲೇ ಬೇಡ. ಟವರ್ ಕಟ್ಟಿ ಮುಗಿದ ಮೇಲೆ ‘ಪ್ರೋಗ್ರಾಂ ಟೆಸ್ಟ್’ ಅನುಮತಿಯಲ್ಲೇ ಪ್ರಸಾರ ಶುರುವಾಗಿ, ಲೈಸೆನ್ಸ್ ಆಮೇಲೆ ಕೈಗೆ ಬರುವುದು ವಾಡಿಕೆ. ಫೆಬ್ರವರಿಯ ಲೈಸೆನ್ಸ್ ಅಂದರೆ ಮೊದಲ ಪ್ರಸಾರ 1963ರಲ್ಲೇ ಆಗಿರುವ ಸಾಧ್ಯತೆ ಇದೆ. ಊರಿನ ಪತ್ರಿಕೆಯ ಮೈಕ್ರೋಫಿಲ್ಮಿನಲ್ಲಿ 1963ರ ಬೇಸಿಗೆಯಿಂದ ಮುಂದಕ್ಕೆ ದಿನದ ರೇಡಿಯೊ ಪಟ್ಟಿ ನೋಡುತ್ತಾ ಬನ್ನಿ. ಆ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಮೊದಲು ಕಾಣಿಸಿದ ವಾರದ ಹಿಂದುಮುಂದೆ ಸುದ್ದಿಯೋ ಜಾಹೀರಾತೋ ಇದ್ದೇ ಇರುತ್ತದೆ.