ದುಡ್ಡಿನ ಬಗ್ಗೆ ನೀವು ಯೋಚ್ನೆ ಮಾಡೋ ರೀತಿನ ಬದಲಾಯ್ಸಿದ್ದು ಯಾರು? ಮನುಷ್ಯರು, ಪುಸ್ತಕ, ವಿಡಿಯೋ, ಏನಾದ್ರೂ ಸರಿ

ಹೊಸ_ಸಂಬಳ:

ಎಲ್ರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಇನ್ನೂ ಜಾಸ್ತಿ ದಿನ ಆಗಿಲ್ಲ, ಅಕೌಂಟಿಗೆ ಮೊದಲನೇ ಸಲ ನನ್ನದು ಅಂತ ದುಡ್ಡು ಬರ್ತಿದೆ, ಅದ್ರ ಜೊತೆಗೇ ಫೋನ್ ತೆಗೆದ್ರೆ ಸಾಕು ಬರೀ ದುಡ್ಡಿನ ಉಪದೇಶ. ಒಬ್ಬ ಖರ್ಚು ಕಡಿಮೆ ಮಾಡು ಅಂತಾನೆ, ಇನ್ನೊಬ್ಬ ಖರ್ಚು ಹಿಡಿಯೋದು ಬಡವರ ಬುದ್ಧಿ ಆದಾಯ ಬೆಳೆಸ್ಕೋ ಅಂತಾನೆ, ಮೂರನೆಯವನು ಮೂವತ್ತರೊಳಗೆ ಮನೆ ತಗೊಂಡಿಲ್ಲ ಅಂದ್ರೆ ನಿನ್ ಕಥೆ ಮುಗೀತು ಅಂತಾನೆ, ನಾಲ್ಕನೆಯವನು ಮನೆ ತಗೊಂಡವನ ಕಥೆನೇ ಮುಗಿದಿದ್ದು ಅಂತ ಅಷ್ಟೇ ಜೋರಾಗಿ ಹೇಳ್ತಾನೆ. ಎಲ್ರೂ ಕಾನ್ಫಿಡೆಂಟ್ ಆಗಿ ಹೇಳ್ತಾರೆ, ಅದೇ ಪ್ರಾಬ್ಲಮ್.

ಅದಕ್ಕೆ ಇಲ್ಲಿ ಸ್ವಲ್ಪ ವಯಸ್ಸಾಗಿರೋರನ್ನ ಕೇಳೋಣ ಅನ್ಸ್ತು. ದುಡ್ಡು ಮತ್ತೆ ಬದುಕು ಎರಡರ ಬಗ್ಗೆನೂ ನಿಮ್ಮ ದೃಷ್ಟಿ ಈಗ ಹೇಗಿದೆಯೋ ಹಾಗೆ ಆಗೋಕೆ ಯಾರು ಕಾರಣ? ದಯವಿಟ್ಟು ‘ಓದಲೇಬೇಕಾದ ಹತ್ತು ಪುಸ್ತಕ’ ಥರ ಲಿಸ್ಟ್ ಹಾಕ್ಬೇಡಿ, ಅದು ಎಲ್ಲಾ ಕಡೆ ಸಿಗುತ್ತೆ. ಅದನ್ನ ಓದಿದ ಮೇಲೆ, ಕೇಳಿದ ಮೇಲೆ ನೀವು ಮಾಡೋದ್ರಲ್ಲಿ ಏನು ಬದಲಾಯ್ತು ಅಂತ ಹೇಳಿ ಸಾಕು.

---

ಗಂಟೆ_ಲೆಕ್ಕ:

ನನಗೆ ವಿಕಿ ರಾಬಿನ್ ಮತ್ತೆ ಜೋ ಡೊಮಿಂಗ್ಯೂಜ್ ಸೇರಿ ಬರ್ದಿರೋ ‘ಯುವರ್ ಮನಿ ಆರ್ ಯುವರ್ ಲೈಫ್’. 1992ರ ಪುಸ್ತಕ. ಡೊಮಿಂಗ್ಯೂಜ್ ವಾಲ್ ಸ್ಟ್ರೀಟಲ್ಲಿ ಅನಲಿಸ್ಟ್ ಆಗಿದ್ದೋನು, 31ನೇ ವಯಸ್ಸಿಗೇ ಸಂಬಳದ ಕೆಲಸ ಬಿಟ್ಟ. ಅದರಲ್ಲಿ ಹೂಡಿಕೆ ಬಗ್ಗೆ ಇರೋ ಭಾಗ ಈಗ ಹಳೇದಾಗಿದೆ, ಅದನ್ನ ಬಿಟ್ಟುಬಿಡಿ. ಉಳ್ಕೊಂಡಿದ್ದು ಒಂದು ಲೆಕ್ಕ.

ಲೆಕ್ಕ ಏನಂದ್ರೆ, ನಿಮ್ಮ ಸಂಬಳನ ಕೆಲಸದ ಗಂಟೆಯಿಂದ ಭಾಗಿಸಿ ಇಷ್ಟು ದುಡೀತೀನಿ ಅನ್ಕೋತೀರಲ್ಲ ಅದು ಸುಳ್ಳು. ಓಡಾಟದ ಟೈಮು, ರೆಡಿ ಆಗೋ ಟೈಮು, ಸಂಜೆ ಬಂದು ಸುಸ್ತಾಗಿ ಯಾರ ಹತ್ರನೂ ಮಾತಾಡ್ದೆ ಸುಮ್ನೆ ಬಿದ್ಕೊಂಡಿರೋ ಟೈಮು ಎಲ್ಲಾ ಕೆಲಸದ ಟೈಮೇ. ಹಾಗೇ ಆ ಕೆಲಸಕ್ಕೋಸ್ಕರನೇ ಆಗೋ ಖರ್ಚು, ಬಟ್ಟೆ ಓಡಾಟ, ಸ್ಟ್ರೆಸ್ ಕಳ್ಕೊಳ್ಳೋಕೆ ಅಂತ ಮಾಡೋ ಶಾಪಿಂಗು, ಅದೂ ಸಂಬಳದಿಂದ ಕಳೀಬೇಕು. ವಾರಕ್ಕೆ 40 ಗಂಟೆ ಕೆಲಸ ಅಂತ ಇಟ್ಕೊಳ್ಳಿ, ಇದೆಲ್ಲಾ ಸೇರಿ 60 ಆಯ್ತು, ಸಂಬಳದಲ್ಲಿ ಕಾಲು ಭಾಗ ಕೆಲಸಕ್ಕೇ ವಾಪಸ್ ಹೋಯ್ತು ಅಂದ್ರೆ ಗಂಟೆಯ ನಿಜವಾದ ಬೆಲೆ ನೀವು ಅನ್ಕೊಂಡಿದ್ದರ ಸರಿಯಾಗಿ ಅರ್ಧ. ಇದನ್ನ ಒಂದು ಸಲ ಪೇಪರ್ ಮೇಲೆ ಮಾಡ್ನೋಡಿ, ಆಮೇಲೆ ಹೊಸ ಫೋನ್ ನೋಡಿದ್ರೆ ಅದರ ರೇಟ್ ಕಾಣಲ್ಲ, ಎಷ್ಟು ವಾರ ಅಂತ ಕಾಣುತ್ತೆ. ನಾನು ಸಂಬಳ ಜಾಸ್ತಿ ಇದ್ದ ಒಂದು ಕೆಲಸನ ಬೇಡ ಅಂದಿದ್ದು ಈ ಲೆಕ್ಕದ ಮೇಲೇ. ಮನೆಯವರು ಇವತ್ತಿಗೂ ಅದನ್ನ ಒಪ್ಪಲ್ಲ, ಇರ್ಲಿ.

ಇದೇ ಮಾತನ್ನ ಅಮೆರಿಕದ ಲೇಖಕ ಥೋರೋ 1854ರಲ್ಲೇ ‘ವಾಲ್ಡನ್’ನಲ್ಲಿ ಹೇಳಿದ್ದಾನೆ, ಒಂದು ವಸ್ತುವಿನ ಬೆಲೆ ಅಂದ್ರೆ ಅದಕ್ಕೆ ಕೊಡ್ಬೇಕಾದ ಆಯುಷ್ಯ ಅಂತ. ಸರಳವಾಗಿ ಬದುಕೋಕೆ ಅಂತ ಕೆರೆ ಪಕ್ಕ ಕಟ್ಕೊಂಡ ಮನೆಗೆ 28 ಡಾಲರ್ ಹನ್ನೆರಡೂವರೆ ಸೆಂಟ್ ಆಯ್ತು ಅಂತ ಅರ್ಧ ಸೆಂಟೂ ಬಿಡದೆ ಲೆಕ್ಕ ಕೊಟ್ಟಿದ್ದಾನೆ. ಆದ್ರೆ ಆ ಜಾಗ ಅವನ ಫ್ರೆಂಡ್ ಎಮರ್ಸನ್‌ದು, ಜಾಗಕ್ಕೆ ಅವನು ದುಡ್ಡು ಕೊಟ್ಟಿಲ್ಲ. ಸರಳ ಜೀವನದ ವಿಡಿಯೋ ಮಾಡೋರು ಯಾರ ಜಾಗದಲ್ಲಿ ಕೂತಿದಾರೆ ಅಂತ ನೋಡೋ ಅಭ್ಯಾಸ ನನಗೆ ಅಲ್ಲಿಂದಲೇ ಬಂತು.

---

ಸುಮ್ನೆ_ಅನುಮಾನ:

ಮೇಲಿನವರ ಕೊನೇ ಸಾಲಿಗೆ ನನ್ನ ಪೂರ್ತಿ ಸಪೋರ್ಟ್, ನಾನು ಅದನ್ನೇ ಇನ್ನೂ ಸ್ವಲ್ಪ ಎಳೀತೀನಿ.

ಕಾಲೇಜಲ್ಲಿ ಎಲ್ರೂ ಓದೋ ಹಾಗೆ ನಾನೂ ಕಿಯೋಸಾಕಿ ಬರ್ದಿರೋ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಓದ್ದೆ. 1997ರಲ್ಲಿ ಬಂದಿದ್ದು. ಜೇಬಿಗೆ ದುಡ್ಡು ತರೋದು ಆಸ್ತಿ, ಜೇಬಿಂದ ದುಡ್ಡು ತೆಗೆಯೋದು ಹೊರೆ ಅನ್ನೋ ಒಂದು ಮಾತು ಅದರಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ, ಅಕೌಂಟಿಂಗ್ ಓದಿರೋರು ಇದು ಸರಿಯಾದ ಡೆಫಿನಿಷನ್ ಅಲ್ಲ ಅಂತ ಜಗಳ ಆಡ್ತಾರೆ, ಆಡ್ಲಿ. ಆದ್ರೆ ಆ ಪುಸ್ತಕ ನನಗೆ ಕಲಿಸಿದ್ದು ಅದರೊಳಗೆ ಇಲ್ಲದೇ ಇರೋ ಒಂದು ಪ್ರಶ್ನೆನ. ಈ ಮನುಷ್ಯ ಶ್ರೀಮಂತ ಆಗಿ ಆಮೇಲೆ ಪುಸ್ತಕ ಬರ್ದನಾ, ಇಲ್ಲಾ ಪುಸ್ತಕ, ಸೆಮಿನಾರು, ಬೋರ್ಡ್ ಗೇಮು ಮಾರಿ ಶ್ರೀಮಂತ ಆದ್ನಾ? ಈ ಪ್ರಶ್ನೆನ ಈಗಿನ ರೀಲ್ಸ್ ಮಾಡೋರ ಮೇಲೆ ಹಾಕಿ ನೋಡಿ, ಮುಕ್ಕಾಲು ಪಾಲು ಜನ ಅಲ್ಲೇ ಉದುರಿ ಹೋಗ್ತಾರೆ. ಕೋರ್ಸ್ ಲಿಂಕ್ ಕೆಳಗಡೆ ಇದ್ರೆ ಅವರ ಬಿಸಿನೆಸ್ಸು ನೀವೇ.

ಇದಕ್ಕೆ ಉಲ್ಟಾ ಉದಾಹರಣೆ ರೊನಾಲ್ಡ್ ರೀಡ್ ಅಂತ ಒಬ್ಬರು, ಅಮೆರಿಕದ ವರ್ಮಾಂಟಿನವರು. ಪೆಟ್ರೋಲ್ ಬಂಕಲ್ಲಿ ಕೆಲಸ ಮಾಡಿದ್ರು, ಆಮೇಲೆ ಒಂದು ಅಂಗಡಿಯಲ್ಲಿ ಕಸ ಗುಡಿಸೋ ಕೆಲಸ. 2014ರಲ್ಲಿ 92ನೇ ವಯಸ್ಸಿಗೆ ತೀರ್ಕೊಂಡಾಗ ಸುಮಾರು 80 ಲಕ್ಷ ಡಾಲರ್ ಇತ್ತು, ಅದರಲ್ಲಿ ಹೆಚ್ಚಿನದನ್ನ ಊರಿನ ಆಸ್ಪತ್ರೆಗೆ ಲೈಬ್ರರಿಗೆ ಬರೆದಿಟ್ಟಿದ್ರು. ಗುಟ್ಟೇನೂ ಇಲ್ಲ, ದೊಡ್ಡ ಕಂಪನಿಗಳ ಶೇರು ತಗೊಳ್ಳೋದು, ಮಾರದೇ ಇರೋದು, ಜೊತೆಗೆ 92 ವರ್ಷ ಬದುಕೋದು. ಕೊನೇದನ್ನ ಯಾರೂ ಹೇಳಲ್ಲ. ಹಾಗಂತ ಇವರನ್ನ ತೋರಿಸಿ ನೀನೂ ಹೀಗೇ ಮಾಡು ಅಂದ್ರೆ ಅದನ್ನೂ ನಾನು ಪೂರ್ತಿ ನಂಬಲ್ಲ, ಇದೇ ಥರ ಶಿಸ್ತಾಗಿ ಬದುಕಿ ತಪ್ಪು ಕಂಪನಿ ಆರಿಸ್ಕೊಂಡೋರ ಸುದ್ದಿ ಪೇಪರಲ್ಲಿ ಬರಲ್ವಲ್ಲ.

---

ಚಿಲ್ಲರೆ_ಬಡ್ಡಿ:

ತಪ್ಪು ಕಂಪನಿ ಅಂತ ಹೇಳಿದ್ರಲ್ಲ, ಅಲ್ಲೇ ನನ್ನ ಉತ್ತರ ಇದೆ. ಜಾನ್ ಬೋಗಲ್, ಅಮೆರಿಕದಲ್ಲಿ ವ್ಯಾನ್‌ಗಾರ್ಡ್ ಅನ್ನೋ ಫಂಡ್ ಕಂಪನಿ ಶುರು ಮಾಡಿದೋನು.

ಯಾವ ಕಂಪನಿ ಗೆಲ್ಲುತ್ತೆ ಅಂತ ಹುಡುಕೋದು ಬೇಡ, ಎಲ್ಲಾ ಕಂಪನಿನೂ ಸ್ವಲ್ಪ ಸ್ವಲ್ಪ ಕೊಂಡ್ಕೊಂಡು ಖರ್ಚು ಕಡಿಮೆ ಇಟ್ರೆ ಸಾಕು ಅಂತ 1976ರಲ್ಲಿ ಸಾಮಾನ್ಯ ಜನಕ್ಕೆ ಇಂಡೆಕ್ಸ್ ಫಂಡ್ ತಂದ. 15 ಕೋಟಿ ಡಾಲರ್ ಬರುತ್ತೆ ಅಂತ ಅಂದಾಜು ಮಾಡಿದ್ರು, ಬಂದಿದ್ದು ಒಂದು ಕೋಟಿ ಹದಿಮೂರು ಲಕ್ಷದಷ್ಟು ಮಾತ್ರ. ‘ಬೋಗಲ್‌ನ ಹುಚ್ಚಾಟ’ ಅಂತ ಆಡ್ಕೊಂಡ್ರು. ಈಗ ಪ್ರಪಂಚದ ಅತೀ ದೊಡ್ಡ ಫಂಡ್‌ಗಳಲ್ಲಿ ಎಷ್ಟೋ ಅದೇ ಥರದವು.

ನನ್ನ ಬದಲಾಯ್ಸಿದ್ದು ಮಾತ್ರ ಫಂಡ್ ನಡೆಸೋರು ವರ್ಷ ವರ್ಷ ತಗೊಳ್ಳೋ ಫೀಸಿನ ಲೆಕ್ಕ. ವರ್ಷಕ್ಕೆ 7% ಬೆಳೆದ್ರೆ 40 ವರ್ಷಕ್ಕೆ ದುಡ್ಡು ಹತ್ರ ಹತ್ರ 15 ಪಟ್ಟು ಆಗುತ್ತೆ. ಅದರಲ್ಲಿ 2% ಫೀಸು ಹೋಗಿ 5% ಉಳಿದ್ರೆ ಬರೀ 7 ಪಟ್ಟು. ಎರಡೇ ಪರ್ಸೆಂಟು ಅಂತ ಸಣ್ಣದಾಗಿ ಕಾಣೋದು ಅರ್ಧಕ್ಕಿಂತ ಜಾಸ್ತಿ ತಿಂದ್ಕೊಂಡು ಹೋಯ್ತು, ದುಡ್ಡು ನಿಮ್ಮದು ರಿಸ್ಕೂ ನಿಮ್ಮದು. ಆಮೇಲೆ ಇದೇ ಲೆಕ್ಕನ ಸಾಲಕ್ಕೆ ಹಾಕಿ ನೋಡಿ. 72ನ ಬಡ್ಡಿ ದರದಿಂದ ಭಾಗಿಸಿದ್ರೆ ಎಷ್ಟು ವರ್ಷಕ್ಕೆ ಡಬಲ್ ಅಂತ ಅಂದಾಜು ಸಿಗುತ್ತೆ, ವರ್ಷಕ್ಕೆ 36% ಬಡ್ಡಿ ಇರೋ ಕಾರ್ಡ್ ಸಾಲ ಕಟ್ಟದೇ ಬಿಟ್ರೆ ಎರಡೇ ವರ್ಷಕ್ಕೆ ಎರಡರಷ್ಟು. ಸಾಲದ ವಿಷಯದಲ್ಲಿ ಮಾತ್ರ ಸರ್ವಜ್ಞನನ್ನ ಮೀರಿಸಿದ ಫೈನಾನ್ಸ್ ಗುರು ನನಗಿನ್ನೂ ಸಿಕ್ಕಿಲ್ಲ, ತಗೊಳ್ಳೋವಾಗಿನ ಸುಖನೂ ಕೊಡೋವಾಗಿನ ಸಂಕಟನೂ ಮೂರೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾನೆ.

ವಾರನ್ ಬಫೆಟ್‌ನ ಎಲ್ರೂ ಗುರು ಅಂತಾರಲ್ಲ, ಅವರೇ 2008ರಿಂದ ಹತ್ತು ವರ್ಷಕ್ಕೆ ಅಂತ ಹೆಡ್ಜ್ ಫಂಡ್‌ಗಳ (ಶ್ರೀಮಂತರ ದುಡ್ಡನ್ನ ಜಾಸ್ತಿ ಫೀಸು ತಗೊಂಡು ಬೆಳೆಸ್ತೀವಿ ಅನ್ನೋ ಫಂಡ್‌ಗಳು) ವಿರುದ್ಧ ಬಾಜಿ ಕಟ್ಟಿದ್ದು ಇಂಡೆಕ್ಸ್ ಫಂಡ್ ಪರವಾಗಿ. ಗೆದ್ರು ಕೂಡ.

---

ಅಂಚಿನಲ್ಲಿ_ಕೂತವಳು:

ನನ್ನ ಉತ್ತರದಲ್ಲಿ ಪುಸ್ತಕ ಇಲ್ಲ. ಚಿಕ್ಕಮ್ಮ ಇದ್ದಾರೆ.

ತಿಂಗಳ ಕೊನೆಗೆ ಮನೆಯ ಲೆಕ್ಕನ ಮಕ್ಕಳ ಮುಂದೆ ಗಟ್ಟಿಯಾಗಿ ಓದ್ತಿದ್ರು, ಇಷ್ಟು ಬಂತು, ಇಷ್ಟು ಹೋಯ್ತು, ಸಾಲ ಇನ್ನಿಷ್ಟು ಇದೆ ಅಂತ. ಪಿಸುಮಾತು ಇಲ್ಲ, ಬಾಗಿಲು ಹಾಕ್ಕೊಂಡು ಜಗಳ ಇಲ್ಲ. ನಾವು ಏನಾದ್ರೂ ಬೇಕು ಅಂದ್ರೆ ಬೈತಿರ್ಲಿಲ್ಲ, ಇದನ್ನ ತಗೊಂಡ್ರೆ ಆ ಇನ್ನೊಂದು ಮುಂದಕ್ಕೆ ಹೋಗುತ್ತೆ, ಯಾವುದು ಬೇಕು ನೀವೇ ಮಾತಾಡ್ಕೊಂಡು ಹೇಳಿ ಅಂತಿದ್ರು. ಮಕ್ಕಳು ಇಂಥಾ ವಿಷಯದಲ್ಲಿ ಎಷ್ಟು ಜುಗ್ಗರಾಗಿ ಚರ್ಚೆ ಮಾಡ್ತಾರೆ ಅಂದ್ರೆ ನೀವು ನಂಬಲ್ಲ.

ಇದಕ್ಕೆ ಎದುರಾಗಿ ನಮ್ಮ ಕುಟುಂಬದಲ್ಲೇ ಇನ್ನೊಬ್ಬ ಹಿರಿಯರು, ಚೆನ್ನಾಗಿ ದುಡಿದೋರು, ಎಲ್ಲಾ ಗುಟ್ಟು. ಎಲ್ಲಿ ಏನಿಟ್ಟಿದ್ದಾರೆ ಹೆಂಡತಿಗೂ ಗೊತ್ತಿಲ್ಲ. ಅವರು ಹೋದ ಮೇಲೆ ಮನೆಯವರು ಪೇಪರ್ ಹುಡುಕ್ಕೊಂಡು, ನಾಮಿನಿ ಹೆಸರು ಹಾಕದೇ ಇರೋ ಅಕೌಂಟಿಗೋಸ್ಕರ ಅಲೆದಾಡಿದ್ದು ನೋಡಿದ್ದೀನಿ. ದುಡ್ಡು ಇದ್ದೂ ಸಿಗ್ಲಿಲ್ಲ. ಹಾಗಾಗಿ ನನ್ನ ಫೈನಾನ್ಸ್ ಜ್ಞಾನ ಎಲ್ಲಾ ಒಂದು ಹಾಳೆ, ಯಾವ ಅಕೌಂಟು, ಯಾವ ಇನ್ಶೂರೆನ್ಸು, ಯಾರಿಗೆ ಕೊಡ್ಬೇಕು, ಯಾರಿಂದ ಬರ್ಬೇಕು, ನಾಮಿನಿ ಯಾರು. ಅದು ಎಲ್ಲಿದೆ ಅಂತ ಮನೆಯಲ್ಲಿ ಇನ್ನಿಬ್ಬರಿಗೆ ಗೊತ್ತು. ಶೇರು ಗೀರು ಎಲ್ಲಾ ಆಮೇಲೆ.

---

ತಿಂಗಳ_ಕೊನೆ:

ಎಲ್ಲಾ ಚೆನ್ನಾಗಿದೆ, ಆದ್ರೆ ಈ ಥ್ರೆಡ್ಡಲ್ಲಿ ಇದುವರೆಗೆ ಬರ್ದಿರೋರೆಲ್ಲಾ ತಿಂಗಳ ಕೊನೆಗೆ ಏನೋ ಸ್ವಲ್ಪ ಉಳಿಯೋರು. ಉಳೀದೇ ಇರೋರಿಗೆ 40 ವರ್ಷದ ಲೆಕ್ಕ ಹೇಳಿ ಏನ್ ಮಾಡ್ತೀರಾ?

ನನ್ನ ದೃಷ್ಟಿ ಬದಲಾಯ್ಸಿದ್ದು ಸೆಂಧಿಲ್ ಮುಲೈನಾಥನ್ ಮತ್ತೆ ಎಲ್ಡಾರ್ ಶಫೀರ್ ಅವರ ಕೆಲಸ. ಒಬ್ಬರು ಅರ್ಥಶಾಸ್ತ್ರಜ್ಞ, ಇನ್ನೊಬ್ಬರು ಮನಃಶಾಸ್ತ್ರಜ್ಞ. 2013ರಲ್ಲಿ ಅವರೂ ಇನ್ನಿಬ್ಬರೂ ಸೇರಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಅದರಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದು ಸಲ, ಕಟಾವಾಗಿ ದುಡ್ಡು ಬಂದ ಮೇಲೆ ಒಂದು ಸಲ ಯೋಚ್ನಾಶಕ್ತಿಯ ಪರೀಕ್ಷೆ ಕೊಟ್ರು. ಅದೇ ಮನುಷ್ಯರು, ಅದೇ ತಲೆ, ದುಡ್ಡಿಲ್ಲದಾಗ ಕಡಿಮೆ ಮಾಡಿದ್ರು, ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದ್ರು. ಅಂದ್ರೆ ಬುದ್ಧಿ ಇಲ್ಲ ಅದಕ್ಕೆ ದುಡ್ಡಿಲ್ಲ ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಅದು ಉಲ್ಟಾನೂ ಇರ್ಬಹುದು, ಕೊರತೆನೇ ತಲೆಯ ಜಾಗ ತಿಂತಿರುತ್ತೆ. ಇದನ್ನ ಓದಿದ ಮೇಲೆ ನಾನು ಮಾಡಿದ ಬದಲಾವಣೆ ಸಣ್ಣದು, ಕೈ ಖಾಲಿ ಇರೋ ವಾರದಲ್ಲಿ ಯಾವ ದೊಡ್ಡ ನಿರ್ಧಾರನೂ ಮಾಡಲ್ಲ, ಯಾವುದಕ್ಕೂ ಸೈನ್ ಹಾಕಲ್ಲ. ಇನ್ನೊಂದು, ಸಾಲ ಕೇಳ್ಕೊಂಡು ಬಂದವರಿಗೆ ಬಜೆಟ್ ಪಾಠ ಮಾಡೋದು ಬಿಟ್ಟೆ. ಕೊಡೋಕಾದ್ರೆ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ.

---

ಮೆಲ್ಲಗೆ_ಓದು:

@ತಿಂಗಳ_ಕೊನೆ ಇದನ್ನ ಯಾರಾದ್ರೂ ಹೇಳ್ಬೇಕಿತ್ತು.

ನಂದು ಇಬ್ಬರು. ಮೊದಲನೆಯವನು ಸೆನೆಕಾ, ಎರಡು ಸಾವಿರ ವರ್ಷದ ಹಿಂದಿನ ರೋಮಿನವನು. ಆಗಾಗ ಕೆಲವು ದಿನ ಬೇಕು ಅಂತಲೇ ಒರಟು ಬಟ್ಟೆ ಹಾಕ್ಕೊಂಡು ಕಡಿಮೆ ತಿಂದು ಇರು, ನಾನು ಹೆದರ್ತಿದ್ದಿದ್ದು ಇಷ್ಟಕ್ಕೇನಾ ಅಂತ ನಿನ್ನನ್ನ ನೀನೇ ಕೇಳ್ಕೋ ಅಂತ ಬರೀತಾನೆ. ಬರೆದ ಮನುಷ್ಯ ನೀರೋ ಚಕ್ರವರ್ತಿಯ ಗುರು, ರೋಮಿನ ದೊಡ್ಡ ಶ್ರೀಮಂತರಲ್ಲೊಬ್ಬ. ಬೂಟಾಟಿಕೆ ಅಂತ ಆಗಿನ ಕಾಲದಲ್ಲೇ ಬೈದ್ರು. ನನಗೆ ಮಾತ್ರ ಶ್ರೀಮಂತನೇ ಇಷ್ಟು ಹೆದರ್ತಿದ್ದ ಅನ್ನೋದೇ ಅದರಲ್ಲಿ ಮುಖ್ಯ ಅನ್ಸುತ್ತೆ, ಕಳ್ಕೊಳ್ಳೋ ಭಯ ದುಡ್ಡು ಜಾಸ್ತಿ ಆದ ಹಾಗೆ ಹೋಗಲ್ಲ.

ಎರಡನೆಯವರು ಡೇನಿಯಲ್ ಕಾನೆಮನ್, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಮನಃಶಾಸ್ತ್ರಜ್ಞ. 2010ರಲ್ಲಿ ಅವರೂ ಆಂಗಸ್ ಡೀಟನ್ನೂ ಸೇರಿ ವರ್ಷಕ್ಕೆ 75 ಸಾವಿರ ಡಾಲರ್ ದಾಟಿದ ಮೇಲೆ ದಿನನಿತ್ಯದ ಖುಷಿ ಹೆಚ್ಚಾಗಲ್ಲ ಅಂತ ಬರೆದ್ರು, ಪ್ರಪಂಚದ ಪೇಪರೆಲ್ಲಾ ಅದನ್ನ ಹಾಕ್ತು, ಇವತ್ತಿಗೂ ವಿಡಿಯೋಗಳಲ್ಲಿ ಓಡಾಡ್ತಿದೆ. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಅನ್ನೋರು ಹಾಗಿಲ್ಲ, ಏರ್ತಾನೇ ಹೋಗುತ್ತೆ ಅಂತ ತೋರಿಸಿದ್ರು. ಜಗಳ ಆಡೋ ಬದಲು ಕಾನೆಮನ್ನೂ ಕಿಲಿಂಗ್ಸ್‌ವರ್ತೂ ಮಧ್ಯೆ ಬಾರ್ಬರಾ ಮೆಲ್ಲರ್ಸ್ ಅನ್ನೋರನ್ನ ಕೂರಿಸ್ಕೊಂಡು ಒಟ್ಟಿಗೇ ಕೆಲಸ ಮಾಡಿ 2023ರಲ್ಲಿ ಒಂದೇ ಪೇಪರ್ ಬರೆದ್ರು, ಹೆಚ್ಚಿನ ಜನಕ್ಕೆ ದುಡ್ಡಿನ ಜೊತೆ ಖುಷಿ ಏರುತ್ತೆ, ಆದ್ರೆ ಎಲ್ಲರಿಗಿಂತ ಕಡಿಮೆ ಖುಷಿ ಇರೋ ಸುಮಾರು 20% ಜನಕ್ಕೆ ಒಂದು ಹಂತದ ಮೇಲೆ ನಿಂತು ಹೋಗುತ್ತೆ ಅಂತ. ಆ ನಂಬರಿಗಿಂತ ಆ ನಡವಳಿಕೆ ನನ್ನ ಮೇಲೆ ಕೆಲಸ ಮಾಡ್ತು. ಈಗ ಯಾವ ಚಾನೆಲ್ ಫಾಲೋ ಮಾಡ್ಬೇಕು ಅಂತ ನೋಡೋವಾಗ ಈ ಮನುಷ್ಯ ಹಿಂದೆ ಹೇಳಿದ್ದನ್ನ ಯಾವತ್ತಾದ್ರೂ ವಾಪಸ್ ತಗೊಂಡಿದ್ದಾನಾ ಅಂತ ನೋಡ್ತೀನಿ. ಹಾಗೆ ನೋಡಿದ ಮೇಲೆ ನನ್ನ ಫೀಡ್ ಭಾರಿ ಖಾಲಿ ಆಯ್ತು.

---

ಹೊಸ_ಸಂಬಳ:

ಇಷ್ಟೆಲ್ಲಾ ಬರುತ್ತೆ ಅಂತ ಅನ್ಕೊಂಡೇ ಇರ್ಲಿಲ್ಲ, ಥ್ಯಾಂಕ್ಸ್. ಗಂಟೆ ಲೆಕ್ಕ ಇವತ್ತೇ ಮಾಡಿದೆ, ಮೂಡ್ ಹಾಳಾಯ್ತು. @ಅಂಚಿನಲ್ಲಿ_ಕೂತವಳು ಒಂದು ಪ್ರಶ್ನೆ, ನಮ್ಮ ಮನೆಯಲ್ಲಿ ದುಡ್ಡಿನ ಮಾತೇ ಎತ್ತೋ ಹಾಗಿಲ್ಲ, ಅಪ್ಪನ ಹತ್ರ ನಾಮಿನಿ ಅಂತ ಶುರು ಮಾಡಿದ್ರೆ ಸಾಯೋದಕ್ಕೆ ಕಾಯ್ತಿದ್ದೀಯಾ ಅಂತಾರೆ. ಹೇಗೆ ಕೇಳೋದು?

---

ಅಂಚಿನಲ್ಲಿ_ಕೂತವಳು:

ಅವರದ್ದು ಕೇಳ್ಬೇಡಿ. ನಿಮ್ಮ ಹಾಳೆ ಮೊದಲು ಬರೀರಿ, ನಿಮ್ಮ ಸಂಬಳ, ನಿಮ್ಮ ಅಕೌಂಟು, ನಾಮಿನಿ ಜಾಗದಲ್ಲಿ ಅಪ್ಪನದ್ದೋ ಅಮ್ಮನದ್ದೋ ಹೆಸರು, ಎಲ್ಲಾ ತುಂಬಿ ಅವರ ಕೈಗೆ ಕೊಟ್ಟು ಇದರಲ್ಲಿ ಏನಾದ್ರೂ ಬಿಟ್ಟಿದ್ದೀನಾ ನೋಡಿ ಅನ್ನಿ. ತಪ್ಪು ಹುಡುಕೋಕೆ ಅಪ್ಪಂದಿರು ಯಾವಾಗ್ಲೂ ರೆಡಿ ಇರ್ತಾರೆ. ಹಾಗೆ ನೋಡ್ತಾ ನೋಡ್ತಾ ತಮ್ಮದೂ ಒಂದೆರಡು ಹೇಳ್ತಾರೆ, ಎಲ್ಲಾ ಒಂದೇ ದಿನ ಬರಲ್ಲ, ಅಮ್ಮನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ.