ಗೂಬೆಯ ನಾಣ್ಯ ಕೊಳ್ಳಬಹುದೇ? ಗ್ರೀಕ್ ನಾಣ್ಯ ಬಲ್ಲವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ, ಶಿವಮೊಗ್ಗದಿಂದ

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕ್ಯಾಷಿಯರ್ ಆಗಿದ್ದು ಈಗ ನಿವೃತ್ತನಾಗಿದ್ದೇನೆ. ಜರ್ಮನಿಯಲ್ಲಿರುವ ಮಗ ಬೇಸಿಗೆಯಲ್ಲಿ ಊರಿಗೆ ಬಂದಾಗ ಅವನ ಜೇಬಿನ ಚಿಲ್ಲರೆಯಲ್ಲಿ ಗೂಬೆಯ ಚಿತ್ರವಿದ್ದ ಒಂದು ಯೂರೋ ನಾಣ್ಯ ಸಿಕ್ಕಿತು. ಅದು ಗ್ರೀಸ್ ದೇಶದ್ದು, ಅದರ ಮೇಲಿನ ಗೂಬೆ ಸುಮಾರು ಎರಡೂವರೆ ಸಾವಿರ ವರ್ಷ ಹಿಂದಿನ ಅಥೆನ್ಸ್ ನಾಣ್ಯದ್ದು ಎಂದು ತಿಳಿದಂದಿನಿಂದ ಮೂಲ ನಾಣ್ಯವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬ ಆಸೆ ಹತ್ತಿದೆ. ಜಾಲತಾಣವೊಂದರಲ್ಲಿ ‘ಅಸಲಿ ಅಥೆನ್ಸ್ ಬೆಳ್ಳಿ ನಾಣ್ಯ’ ಎಂದು 6,500 ರೂಪಾಯಿಗೆ ಇಟ್ಟಿದ್ದಾರೆ. ಕೊಳ್ಳಬಹುದೇ? ನೋಟಿನ ಅಸಲಿ ನಕಲಿ ಬೆರಳಿಗೇ ಗೊತ್ತಾಗುತ್ತಿತ್ತು, ಇದರಲ್ಲಿ ನಾನು ಏನೂ ಅರಿಯದವನು. ಮನೆಯೊಳಗೆ ಗೂಬೆ ತರಬೇಡ ಎಂದು ನನ್ನ ತಾಯಿ ಬೇರೆ ಹೇಳುತ್ತಿದ್ದಾರೆ. ತಿಳಿದವರು ದಾರಿ ತೋರಿಸಿ.

ಹುಬ್ಬಳ್ಳಿಯಿಂದ, ಹದಿನೆಂಟು ವರ್ಷಗಳಿಂದ ನಾಣ್ಯ ಸಂಗ್ರಹಿಸುತ್ತಿರುವವರು

ಸರ್, ದಯವಿಟ್ಟು ಹಣ ಕಳಿಸಬೇಡಿ. ದ್ರಾಕ್ಮ ಎಂದರೆ ಗ್ರೀಕರ ಬೆಳ್ಳಿ ಹಣ; ನೀವು ನೋಡಿರುವುದು ನಾಲ್ಕು ದ್ರಾಕ್ಮದ ನಾಣ್ಯ, ಅಂದರೆ ಟೆಟ್ರಾದ್ರಾಕ್ಮ. ಅಸಲಿಯಾದರೆ ಅದರ ಬೆಲೆ ಹತ್ತಾರು ಸಾವಿರದಲ್ಲಿ ಶುರುವಾಗಿ, ಸ್ಥಿತಿ ಚೆನ್ನಾಗಿದ್ದರೆ ಲಕ್ಷ ದಾಟುತ್ತದೆ.

ನಾನು ಮೋಸ ಹೋಗಿಯೇ ಕಲಿತವನು. 2014ರಲ್ಲಿ ಒಂದು ನಾಣ್ಯ ಪ್ರದರ್ಶನದಲ್ಲಿ ಅಲೆಕ್ಸಾಂಡರನ ನಾಲ್ಕು ದ್ರಾಕ್ಮದ ಬೆಳ್ಳಿ ನಾಣ್ಯವೆಂದು ಒಂದನ್ನು 9,000 ರೂಪಾಯಿ ಕೊಟ್ಟು ತಂದೆ. ಒಂದು ಬದಿಯಲ್ಲಿ ಸಿಂಹದ ಚರ್ಮ ಹೊದ್ದ ಗ್ರೀಕ್ ವೀರ ಹೆರಾಕ್ಲಿಸ್, ಇನ್ನೊಂದು ಬದಿಯಲ್ಲಿ ಹದ್ದನ್ನು ಕೈಮೇಲೆ ಕೂರಿಸಿಕೊಂಡು ಪೀಠದಲ್ಲಿ ಕುಳಿತ ದೇವರಾಜ ಜ್ಯೂಸ್. ಚಿತ್ರ ನೋಡಿ ಮರುಳಾದೆನೇ ಹೊರತು ತೂಕ ನೋಡಲಿಲ್ಲ. ಅಲೆಕ್ಸಾಂಡರ್ ತನ್ನ ಬೆಳ್ಳಿ ನಾಣ್ಯಕ್ಕೆ ಅಥೆನ್ಸಿನ ತೂಕವನ್ನೇ ಇಟ್ಟುಕೊಂಡಿದ್ದ. ಅದು 17 ಗ್ರಾಂ ಮೇಲೆ ಸ್ವಲ್ಪ ಇರಬೇಕು. ನನ್ನದು ಅಕ್ಕಸಾಲಿಗರ ತಕ್ಕಡಿಯಲ್ಲಿ 14.6 ಗ್ರಾಂ ತೂಗಿತು. ಆಮೇಲೆ ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸಿದರೆ ಸುತ್ತಲೂ ಒಂದು ಸಣ್ಣ ಗೆರೆ, ಅದನ್ನು ಅಳಿಸಲು ಅರ ಹಾಕಿ ಉಜ್ಜಿದ ಗುರುತು. ಎರಡು ಹೋಳು ಅಚ್ಚಿನೊಳಗೆ ಬೆಳ್ಳಿಯನ್ನು ಎರಕ ಹೊಯ್ದಿದ್ದರು. ಪುರಾತನ ಗ್ರೀಕರು ಬಿಲ್ಲೆಯನ್ನು ಎರಕ ಹೊಯ್ದಿರಬಹುದು, ಚಿತ್ರವನ್ನಲ್ಲ. ಚಿತ್ರ ಮೂಡುತ್ತಿದ್ದುದು ಸುತ್ತಿಗೆಯ ಪೆಟ್ಟಿನಿಂದ.

ಇನ್ನೂ ಒಂದು ಗುಟ್ಟು ಎರಡು ವರ್ಷದ ಮೇಲೆ ತಿಳಿಯಿತು. ನನ್ನ ಹೆರಾಕ್ಲಿಸನ ಕೆನ್ನೆಯ ಮೇಲೆ ಓರೆಯಾದ ಒಂದು ಗೀರು ಇತ್ತು. ಬೇರೊಬ್ಬರು ಮಾರಾಟಕ್ಕಿಟ್ಟ ನಾಣ್ಯದ ಫೋಟೋದಲ್ಲೂ ಅದೇ ಜಾಗದಲ್ಲಿ, ಅದೇ ಉದ್ದದ ಗೀರು! ಒಂದೇ ಅಚ್ಚಿನಿಂದ ಹೊರಬಿದ್ದ ಎರಡು ಅಸಲಿ ನಾಣ್ಯಗಳಲ್ಲಿ ಚಿತ್ರ ಒಂದೇ ಇರುತ್ತದೆ, ಆದರೆ ಜೇಬಿನಲ್ಲಿ, ಮಣ್ಣಿನಲ್ಲಿ ಪಡೆದ ಗಾಯಗಳು ಬೇರೆ ಬೇರೆ ಇರಲೇಬೇಕು. ಗಾಯವೂ ಒಂದೇ ಆಗಿದ್ದರೆ ಎರಡೂ ಮೂರನೆಯ ಯಾವುದೋ ನಾಣ್ಯದ ನಕಲು.

ಮಾರುವವರಿಗೆ ಮೂರೇ ಪ್ರಶ್ನೆ ಕೇಳಿ: ತೂಕ ಎಷ್ಟು, ಅಂಚಿನ ಫೋಟೋ ಕೊಡುತ್ತೀರಾ, ಹಿಂದೆ ಯಾರ ಬಳಿ ಇತ್ತೆಂಬುದಕ್ಕೆ ಕಾಗದವಿದೆಯೇ.

ಉಡುಪಿಯಿಂದ, ಬೆಳ್ಳಿ ಕೆಲಸದವರು

ಮೇಲಿನವರು ಪೆಟ್ಟಿನ ಮಾತು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನ ಕಸುಬು. ಗ್ರೀಕ್ ನಾಣ್ಯದ ಚರಿತ್ರೆ ನನಗೆ ತಡವಾಗಿ ಪರಿಚಯವಾಯಿತು, ಆದರೆ ಮೊದಲ ಸಲ ದೊಡ್ಡ ಫೋಟೋ ನೋಡಿದಾಗಲೇ ಅದನ್ನು ಮಾಡಿದ ಕೈ ಗುರುತು ಸಿಕ್ಕಿತು.

ಕೆಲಸ ಹೀಗಿತ್ತು. ಗೂಬೆಯ ನಾಣ್ಯದ ಇನ್ನೊಂದು ಬದಿಯಲ್ಲಿರುವ ಅಥೀನಾ ದೇವಿಯ ಮುಖವನ್ನು ಒಂದು ಅಚ್ಚಿನಲ್ಲಿ ಒಳಮುಖವಾಗಿ, ಎಡಬಲ ಅದಲುಬದಲಾಗಿ ಕೊರೆದು ಅಡಿಗಲ್ಲಿನಲ್ಲಿ ಕೂರಿಸುತ್ತಿದ್ದರು. ಗೂಬೆಯನ್ನು ಕೊರೆದ ಇನ್ನೊಂದು ಅಚ್ಚು ಕೈಯಲ್ಲಿ. ನಡುವೆ ತೂಕ ಸರಿಮಾಡಿದ ಬೆಳ್ಳಿಯ ದಪ್ಪ ಬಿಲ್ಲೆ. ಮೇಲಿನಿಂದ ಸುತ್ತಿಗೆ. ಪೆಟ್ಟು ನೇರವಾಗಿ ಬೀಳುವುದು ಮೇಲಿನ ಅಚ್ಚಿನ ತಲೆಗೆ, ಹಾಗಾಗಿ ಅದು ಬೇಗ ಬಿರುಕು ಬಿಡುತ್ತದೆ. ಕೆಳಗಿನದೊಂದು ಬಾಳುವಷ್ಟರಲ್ಲಿ ಮೇಲಿನವು ಹಲವು ಸವೆದುಹೋಗುತ್ತಿದ್ದವು. ಯಾವ ಮುಖದೊಂದಿಗೆ ಯಾವ ಗೂಬೆ ಜೋಡಿಯಾಗಿದೆ ಎಂದು ಹುಡುಕಿಯೇ ವಿದ್ವಾಂಸರು ನಾಣ್ಯಗಳ ಹಿಂದುಮುಂದು ಲೆಕ್ಕ ಹಾಕುತ್ತಾರಂತೆ.

ನಾನೇ ಒಂದು ಸಲ ಮಾಡಿ ನೋಡಿದೆ. ಕಬ್ಬಿಣದ ತುಂಡಿನಲ್ಲಿ ಗೂಬೆಯ ಮುಖ ಕೊರೆಯಲು ನಾಲ್ಕು ಸಂಜೆ ಹಿಡಿಯಿತು. ಒಂದೂವರೆ ತೊಲಕ್ಕೆ ಕೊಂಚ ಕಡಿಮೆ ಬೆಳ್ಳಿಯ ಬಿಲ್ಲೆಯನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಇಟ್ಟು ಹೊಡೆದೆ. ಮೊದಲ ಪೆಟ್ಟಿಗೆ ಕೊಕ್ಕು ಮಾತ್ರ ಮೂಡಿತು. ಎರಡನೆಯ ಪೆಟ್ಟಿಗೆ ಬಿಲ್ಲೆ ಕೂದಲೆಳೆಯಷ್ಟು ಸರಿದು ಒಂದು ಕಣ್ಣಿನ ಪಕ್ಕ ಇನ್ನೊಂದು ಕಣ್ಣು ಬಿತ್ತು, ಅಂಚಿನಲ್ಲಿ ಎರಡು ಕಡೆ ಸೀಳು. ಅಸಲಿ ನಾಣ್ಯಗಳಲ್ಲೂ ಇಂಥ ಸೀಳು, ಇಂಥ ಜೋಡಿ ಗೆರೆ ಕಾಣುತ್ತವೆ. ಅಥೀನಾಳ ಶಿರಸ್ತ್ರಾಣದ ಜುಟ್ಟು ಹೆಚ್ಚಿನ ನಾಣ್ಯಗಳಲ್ಲಿ ಬಿಲ್ಲೆಯಿಂದ ಹೊರಗೆ ಹೋಗಿರುವುದಕ್ಕೂ ಕಾರಣ ಇಷ್ಟೇ: ಅಚ್ಚು ಬಿಲ್ಲೆಗಿಂತ ದೊಡ್ಡದು. ಜುಟ್ಟು ಪೂರ್ತಿ ಇರುವ ನಾಣ್ಯಕ್ಕೆ ಅದಕ್ಕೇ ಅಷ್ಟು ಬೆಲೆ. ಅಂಗಡಿಯಲ್ಲಿ ತಂದಂತೆ ದುಂಡಗೆ, ಮಧ್ಯಕ್ಕೆ ಸರಿಯಾಗಿ, ಸಾಬೂನಿನ ಹಾಗೆ ನುಣುಪಾಗಿರುವುದನ್ನು ಕಂಡರೆ ನನಗೆ ಅನುಮಾನ ಹುಟ್ಟುತ್ತದೆ.

ಇನ್ನೊಂದು ಮಾತು. ನಾವು ದಿನಾ ಬಳಸುವ ಒರೆಗಲ್ಲನ್ನು ಗ್ರೀಕರು ‘ಲಿಡಿಯಾದ ಕಲ್ಲು’ ಎಂದು ಕರೆಯುತ್ತಿದ್ದರು. ಮೊದಲ ನಾಣ್ಯಗಳು ಹುಟ್ಟಿದ್ದೂ ಆ ಲಿಡಿಯಾದ ಸೀಮೆಯಲ್ಲೇ ಎಂದು ಓದಿದ ದಿನ ನನಗಾದ ಸಂತೋಷ ಹೇಳಲಾರೆ.

ಮೈಸೂರಿನಿಂದ, ಇತಿಹಾಸ ಉಪನ್ಯಾಸಕಿ

ಹೌದು, ಲಿಡಿಯಾ. ಈಗಿನ ಟರ್ಕಿಯ ಪಶ್ಚಿಮ ಭಾಗ. ಅಲ್ಲಿನ ರಾಜಧಾನಿ ಸಾರ್ಡಿಸ್‌ನಲ್ಲಿ ಹರಿಯುತ್ತಿದ್ದ ಪಾಕ್ಟೋಲಸ್ ಹೊಳೆಯ ಮರಳಿನಲ್ಲಿ ಚಿನ್ನ ಸಿಗುತ್ತಿತ್ತು. ಕ್ರಿ.ಪೂ. ಏಳನೆಯ ಶತಮಾನದಲ್ಲಿ ಚಿನ್ನ ಬೆಳ್ಳಿ ಬೆರೆತ ಎಲೆಕ್ಟ್ರಂ ಎಂಬ ಲೋಹದ ಉಂಡೆಗಳ ಮೇಲೆ ಸಿಂಹದ ತಲೆಯ ಮುದ್ರೆ ಒತ್ತಿದರು. ಬೆರಕೆ ಲೋಹದ ಮೌಲ್ಯದಲ್ಲಿ ಯಾವಾಗಲೂ ತಕರಾರು. ಕ್ರೀಸಸ್ ದೊರೆ ಕ್ರಿ.ಪೂ. ಆರನೆಯ ಶತಮಾನದ ಮಧ್ಯದಲ್ಲಿ ಚಿನ್ನಕ್ಕೊಂದು ಬೆಳ್ಳಿಗೊಂದು ನಾಣ್ಯ ತಂದು ಅದನ್ನು ಬಗೆಹರಿಸಿದ. ಪಕ್ಕದ ಗ್ರೀಕ್ ಊರುಗಳು ಇದನ್ನು ಬೇಗ ಕಲಿತವು. ಹೆಸರುಗಳು ಮಾತ್ರ ಅವರ ಹಳೆಯ ವ್ಯವಹಾರದವೇ: ಓಬಲ್ ಅಂದರೆ ಕಬ್ಬಿಣದ ಸಲಾಕೆ, ದ್ರಾಕ್ಮ ಅಂದರೆ ಅಂಥ ಆರು ಸಲಾಕೆಗಳ ಒಂದು ಹಿಡಿ.

ಪ್ರತಿ ಊರಿಗೂ ತನ್ನದೇ ಗುರುತು. ಈಜೈನಾ ದ್ವೀಪಕ್ಕೆ ಕಡಲಾಮೆ, ಕೊರಿಂಥ್‌ಗೆ ರೆಕ್ಕೆಯ ಕುದುರೆ, ಎಫೆಸಸ್‌ಗೆ ಜೇನುನೊಣ. ಕೆಲವು ಊರುಗಳು ತಮ್ಮ ಹೆಸರಿನ ಜೊತೆಗೇ ಆಟವಾಡಿದವು. ಗ್ರೀಕಿನಲ್ಲಿ ರೋಡೋನ್ ಎಂದರೆ ಗುಲಾಬಿ, ರೋಡ್ಸ್ ದ್ವೀಪದ ನಾಣ್ಯದ ಮೇಲೆ ಗುಲಾಬಿ. ಫೋಕೆ ಎಂದರೆ ಸೀಲ್ ಪ್ರಾಣಿ, ಫೋಕಿಯಾ ಊರಿನ ನಾಣ್ಯದ ಮೇಲೆ ಅದೇ. ಓದು ಬಾರದವನಿಗೂ ಊರಿನ ಹೆಸರು ತಿಳಿಯುತ್ತಿತ್ತು.

ನಿಮ್ಮ ಗೂಬೆಗೆ ಬರುತ್ತೇನೆ. ಅದು ಅಥೀನಾಳ ಹಕ್ಕಿ. ಕತ್ತಲಲ್ಲೂ ಕಾಣುವ ಕಣ್ಣು, ಜ್ಞಾನದ ದೇವತೆಯ ಸಂಗಾತಿ. ನಿಮ್ಮ ತಾಯಿಯವರಿಗೆ ಹೀಗೆ ಹೇಳಿ ಸರ್: ನಮಗೆ ಸರಸ್ವತಿಯ ಹಂಸ ಹೇಗೋ ಅಥೆನ್ಸಿನವರಿಗೆ ಗೂಬೆ ಹಾಗೆ. ಹಕ್ಕಿಯ ಹಿಂದೆ ಆಲಿವ್ ಚಿಗುರು, ಸಣ್ಣ ಚಂದ್ರರೇಖೆ, ಮುಂದೆ ಊರಿನ ಹೆಸರಿನ ಮೂರು ಅಕ್ಷರ. ಮಗನ ಯೂರೋ ನಾಣ್ಯದಲ್ಲಿ ಹುಡುಕಿದರೆ ಆ ಚಿಗುರೂ ಅಕ್ಷರಗಳೂ ಸಿಗುತ್ತವೆ.

ಬೆಳ್ಳಿ ಬಂದದ್ದು ಅಥೆನ್ಸಿನ ದಕ್ಷಿಣಕ್ಕಿರುವ ಲಾರಿಯನ್ ಗಣಿಗಳಿಂದ. ಗುಲಾಮರು ಇಕ್ಕಟ್ಟಿನ ಸುರಂಗಗಳಲ್ಲಿ ತೆವಳಿ ತೆಗೆದ ಬೆಳ್ಳಿ ಅದು. ನಾಣ್ಯದ ಚೆಲುವನ್ನು ಹೊಗಳುವಾಗ ಅವರನ್ನು ಮರೆಯಲು ನನಗೆ ಆಗುವುದಿಲ್ಲ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಸಮೃದ್ಧವಾದ ಅದಿರು ಸಿಕ್ಕಿತು. ಹಣವನ್ನು ಪ್ರಜೆಗಳಿಗೆ ಹಂಚೋಣ ಎಂಬ ಮಾತು ಎದ್ದಾಗ ಅಥೆನ್ಸಿನ ನಾಯಕ ಥೆಮಿಸ್ಟೋಕ್ಲಿಸ್ ಅದನ್ನು ಯುದ್ಧನೌಕೆಗಳಿಗೆ ಹಾಕಿಸಿದ. ಮೂರೇ ವರ್ಷದಲ್ಲಿ, 480ರಲ್ಲಿ, ಸಲಾಮಿಸ್ ಕೊಲ್ಲಿಯಲ್ಲಿ ಪರ್ಷಿಯಾದ ನೌಕಾಬಲವನ್ನು ಸೋಲಿಸಿದ್ದು ಆ ಹಡಗುಗಳೇ.

ನಾಣ್ಯದ ಬೆಲೆ ಅಂದಾಜಾಗಬೇಕಾದರೆ: ಆ ಶತಮಾನದ ಕೊನೆಗೆ ಎರೆಕ್ಥಿಯಾನ್ ದೇಗುಲ ಕಟ್ಟಿದ ಕುಶಲಕರ್ಮಿಗಳಿಗೆ ದಿನಕ್ಕೆ ಒಂದು ದ್ರಾಕ್ಮ ಕೂಲಿ ಕೊಟ್ಟದ್ದು ಕಲ್ಲಿನ ಮೇಲೆ ಕೆತ್ತಿದ ಲೆಕ್ಕದಲ್ಲಿದೆ. ಅಂದರೆ ಒಂದು ಗೂಬೆ ನಾಲ್ಕು ದಿನದ ದುಡಿಮೆ. ಒಂದು ಯುದ್ಧನೌಕೆಗೆ ಇನ್ನೂರು ಜನ. ತಲೆಗೆ ದಿನಕ್ಕೊಂದು ದ್ರಾಕ್ಮದಂತೆ ತಿಂಗಳಿಗೆ 6,000 ದ್ರಾಕ್ಮ, ಅದೇ ಒಂದು ಟ್ಯಾಲೆಂಟ್, ಸುಮಾರು 26 ಕಿಲೋ ಬೆಳ್ಳಿ.

ಫೋಟೋದಲ್ಲಿ ಅಥೀನಾಳ ಕಣ್ಣನ್ನು ಗಮನಿಸಿ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಬಾದಾಮಿಯಂತೆ ಪೂರ್ತಿ ನಮ್ಮ ಕಡೆಗಿದೆ. ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ಕಡೆದ ಊರಿನವರಿಗೆ ಪಕ್ಕದ ಕಣ್ಣು ಕೊರೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಈಜಿಪ್ಟಿನಿಂದ ಸಿಸಿಲಿಯವರೆಗೆ ವರ್ತಕರು ಗುರುತಿಸಿ ನಂಬಿದ್ದು ಆ ಹಳೆಯ ಮುಖವನ್ನು. ಮುಖ ಬದಲಿಸಿದರೆ ನಂಬಿಕೆ ಹೋದೀತೆಂದು ಅದನ್ನೇ ಉಳಿಸಿಕೊಂಡರು. ನನಗೆ ಇಡೀ ಗ್ರೀಕ್ ನಾಣ್ಯ ಚರಿತ್ರೆಯಲ್ಲಿ ಇದಕ್ಕಿಂತ ಇಷ್ಟವಾದ ಸಂಗತಿ ಇಲ್ಲ. ಇದಕ್ಕೆ ತದ್ವಿರುದ್ಧವಾದದ್ದು ನೋಡಬೇಕೆಂದರೆ ಸಿಸಿಲಿಯ ಸಿರಾಕ್ಯೂಸ್‌ನ ಹತ್ತು ದ್ರಾಕ್ಮದ ನಾಣ್ಯ ನೋಡಿ. ಸುತ್ತ ಡಾಲ್ಫಿನ್‌ಗಳು ಈಜುವ ಜಲದೇವತೆ ಅರೆಥೂಸಾಳ ಮುಖ, ಹಿಂದೆ ನಾಗಾಲೋಟದ ನಾಲ್ಕು ಕುದುರೆಯ ರಥ. ಅಲ್ಲಿ ಕಿಮೋನ್, ಯುಐನೆಟೋಸ್ ಎಂಬ ಕೊರೆಯುವವರು ತಮ್ಮ ಹೆಸರನ್ನೇ ಅಚ್ಚಿನಲ್ಲಿ ಸೇರಿಸಿದರು.

ಕೊನೆಯದಾಗಿ, ಕ್ಯಾಷಿಯರ್ ಆಗಿದ್ದ ನಿಮಗೇ ಮೀಸಲಾದ ಸಂಗತಿ. 1970ರಲ್ಲಿ ಅಥೆನ್ಸಿನ ಹಳೆಯ ಪೇಟೆ ಅಗೋರಾದಲ್ಲಿ ಒಂದು ಶಾಸನ ಸಿಕ್ಕಿತು, ಕ್ರಿ.ಪೂ. 375ರ ಕಾನೂನು. ಪೇಟೆಯಲ್ಲಿ ಲೇವಾದೇವಿಯವರ ಮೇಜುಗಳ ನಡುವೆ ಸರ್ಕಾರದ ನಾಣ್ಯ ಪರೀಕ್ಷಕನೊಬ್ಬ ಕೂರಬೇಕು. ನಮ್ಮ ಹಳೆಯ ಪೇಟೆಗಳ ಚಿನಿವಾರನೇ ಎನ್ನಿ, ಆದರೆ ಅವನು ಊರಿನ ಗುಲಾಮ. ಬೆಳ್ಳಿಯ ಕೆಳಗೆ ತಾಮ್ರ ಅಥವಾ ಸೀಸ ಇದ್ದರೆ ಅವನು ಅಲ್ಲೇ ನಾಣ್ಯವನ್ನು ಕಡಿದು ‘ದೇವತೆಗಳ ತಾಯಿ’ ಎಂಬ ದೇವಿಗೆ ಒಪ್ಪಿಸಬೇಕು. ಅವನು ಒಪ್ಪಿದ ನಾಣ್ಯವನ್ನು ವ್ಯಾಪಾರಿ ತೆಗೆದುಕೊಳ್ಳದಿದ್ದರೆ ಆ ದಿನದ ಸರಕೆಲ್ಲ ಜಪ್ತಿ. ಪರೀಕ್ಷಕ ಕೆಲಸಕ್ಕೆ ಕೂರದಿದ್ದರೆ ಐವತ್ತು ಚಡಿಯೇಟು.

ಮ್ಯೂನಿಕ್‌ನಿಂದ

ಮಗ ಜರ್ಮನಿಯಲ್ಲಿದ್ದಾನೆ ಎಂದಿರಲ್ಲ, ಅವನ ಬಳಿ ಹೋದಾಗ ಬರ್ಲಿನ್‌ನ ಬೋಡೆ ಸಂಗ್ರಹಾಲಯದ ನಾಣ್ಯ ವಿಭಾಗ ನೋಡಿ ಬನ್ನಿ. ಅಥೆನ್ಸಿಗೆ ಹೋಗುವುದಾದರೆ ಟ್ರಾಯ್ ಅಗೆದ ಶ್ಲೀಮನ್‌ನ ಹಳೆಯ ಬಂಗಲೆಯೇ ಈಗ ನಾಣ್ಯ ಸಂಗ್ರಹಾಲಯ. ನಾನು ಅಲ್ಲಿ ಒಂದು ಗಂಟೆಗೆಂದು ಹೊಕ್ಕು ಬಾಗಿಲು ಹಾಕುವವರೆಗೆ ಉಳಿದೆ. ಗಾಜಿನ ಪೆಟ್ಟಿಗೆಗಳ ಮುಂದೆ ಬಗ್ಗಿ ಬಗ್ಗಿ ನೋಡಬೇಕು, ಸೊಂಟಕ್ಕೆ ಜೋಪಾನ. ಮನೆಯಲ್ಲೇ ಕಲಿಯಲು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಮಾಂಟಿಸ್’ ಎಂಬ ಸಂಗ್ರಹ ಅಂತರ್ಜಾಲದಲ್ಲಿ ಉಚಿತವಾಗಿದೆ. ನೂರು ಗೂಬೆ ನೋಡಿ, ನೂರ ಒಂದನೆಯದು ಸುಳ್ಳಾದರೆ ಕಣ್ಣೇ ಹೇಳುತ್ತದೆ.

ಬೆಂಗಳೂರಿನಿಂದ

ಸರ್, ಗೂಬೆ ದುಬಾರಿಯಾದರೆ ಬೇಸರ ಬೇಡ. ಗ್ರೀಕ್ ನಾಣ್ಯ ನಮ್ಮ ಮನೆ ಬಾಗಿಲಿಗೇ ಬಂದಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಮೆನಾಂಡರ್, ಅಂದರೆ ಬೌದ್ಧರ ಮಿಲಿಂದ, ಬೆಳ್ಳಿಯ ಸಣ್ಣ ದ್ರಾಕ್ಮಗಳನ್ನು ಹೇರಳವಾಗಿ ಹೊರಡಿಸಿದ. ತೂಕ ಎರಡೂವರೆ ಗ್ರಾಂಗೆ ಸ್ವಲ್ಪ ಕಡಿಮೆ. ಒಂದು ಬದಿಯಲ್ಲಿ ಅವನ ಮುಖ, ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಬದಿಯಲ್ಲಿ ಖರೋಷ್ಠಿ ಲಿಪಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’, ಅಂದರೆ ರಕ್ಷಕನಾದ ಮೆನಾಂಡರ್ ಮಹಾರಾಜನದು. ಆ ಅಕ್ಷರಗಳ ನಡುವೆ ಸಿಡಿಲನ್ನು ಎಸೆಯುತ್ತಿರುವ ದೇವಿ ಯಾರು ಗೊತ್ತೇ? ನಿಮ್ಮ ಅದೇ ಅಥೀನಾ. ಹೀಗೆ ಎರಡು ಭಾಷೆಯಲ್ಲಿ ಬರೆದ ನಾಣ್ಯಗಳು ಇದ್ದುದರಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಖರೋಷ್ಠಿಯನ್ನು ಓದಲು ಸಾಧ್ಯವಾಯಿತು. ಅಗಾಥೊಕ್ಲಿಸ್ ಎಂಬ ಇನ್ನೊಬ್ಬ ಗ್ರೀಕ್ ದೊರೆಯ ನಾಣ್ಯಗಳು 1970ರಲ್ಲಿ ಆಫ್ಘಾನಿಸ್ತಾನದ ಐ ಖಾನುಂನಲ್ಲಿ ಸಿಕ್ಕವು, ಅವುಗಳ ಮೇಲೆ ನೇಗಿಲು ಹಿಡಿದ ಬಲರಾಮ, ಚಕ್ರ ಹಿಡಿದ ಕೃಷ್ಣ! ಸಂಸ್ಕೃತದ ದ್ರಮ್ಮ, ಹಿಂದಿಯ ದಾಮ್ ಎರಡಕ್ಕೂ ಮೂಲ ಆ ದ್ರಾಕ್ಮವೇ.

ಮೆನಾಂಡರ್ ನಾಣ್ಯಗಳಲ್ಲೂ ನಕಲು ಇವೆ, ಹುಬ್ಬಳ್ಳಿಯವರು ಹೇಳಿದ ಮೂರು ಪ್ರಶ್ನೆ ಬಿಡಬೇಡಿ. ಪರವಾನಗಿ ಇರುವ ವ್ಯಾಪಾರಿಯಿಂದ ರಸೀದಿ ಸಮೇತ ಕೊಳ್ಳಿ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮಗನಿಗೆ ಉಡುಗೊರೆಯಾಗಿ ಜರ್ಮನಿಗೆ ಕಳಿಸುವ ಯೋಚನೆ ಮಾಡಬೇಡಿ.

ಪ್ರಶ್ನೆ ಕೇಳಿದವರು, ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ನಿನ್ನೆ ಮಾರಾಟಗಾರರಿಗೆ ತೂಕ ಕೇಳಿದೆ. ‘ಸುಮಾರು 13 ಗ್ರಾಂ’ ಎಂದು ಉತ್ತರ ಬಂತು. ಅಂಚಿನ ಫೋಟೋ ಕೇಳಿದ ಮೇಲೆ ಉತ್ತರವೇ ಇಲ್ಲ. ಕೈಬಿಟ್ಟೆ. ರಾತ್ರಿ ಭೂತಗನ್ನಡಿ ತೆಗೆದು ಯೂರೋ ನಾಣ್ಯದಲ್ಲಿ ಆಲಿವ್ ಚಿಗುರು ಹುಡುಕಿದೆ, ಗೂಬೆಯ ಹಿಂದೆ ಎರಡು ಎಲೆ ಕಂಡವು. ತಾಯಿಗೆ ಸರಸ್ವತಿಯ ಹಂಸದ ಮಾತು ಹೇಳಿದೆ. ಅವರು ಕನ್ನಡಕ ತರಿಸಿಕೊಂಡು ನಾಣ್ಯವನ್ನು ದೀಪದ ಹತ್ತಿರ ಹಿಡಿದು, ‘ಕಣ್ಣು ಎಷ್ಟು ದೊಡ್ಡದಾಗಿದೆ’ ಎಂದರು. ಮೆನಾಂಡರನ ದ್ರಾಕ್ಮಕ್ಕಾಗಿ ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಿದ್ದೇನೆ. ಉಡುಪಿಯವರು ಹೊಡೆದ ಆ ಎರಡು ಕಣ್ಣಿನ ಬಿಲ್ಲೆ ಇನ್ನೂ ಇದ್ದರೆ ಒಂದು ಫೋಟೋ ಹಾಕಬೇಕೆಂದು ಕೋರಿಕೆ.