ಒಳಗೋಡೆಯ ತೇವಕ್ಕೆ ಹಿತ್ತಲಿನ ಸಿಮೆಂಟು ಕಾರಣವೇ?

ಪ್ರಶ್ನೆ (ಹನುಮಂತನಗರದಿಂದ)

ಎಲ್ಲರಿಗೂ ನಮಸ್ಕಾರ. 30-40ರ ನಿವೇಶನದಲ್ಲಿ ನಮ್ಮ ತಂದೆಯವರು 1974ರಲ್ಲಿ ಕಟ್ಟಿಸಿದ ಮನೆ ನಮ್ಮದು. ಕಲ್ಲಿನ ತಳಪಾಯ, ಇಟ್ಟಿಗೆಯ ಗೋಡೆ, ಒಳಗೆಲ್ಲ ರೆಡ್ ಆಕ್ಸೈಡ್ ನೆಲ. ಮಳೆಗಾಲದಲ್ಲಿ ಕೆಸರಾಗುತ್ತದೆಂದು ನಾಲ್ಕು ವರ್ಷಗಳ ಹಿಂದೆ ಹಿತ್ತಲಿಗೆ ಪೂರ್ತಿ ಸಿಮೆಂಟು ಹಾಕಿಸಿದೆವು. ಅಂದಿನಿಂದ ಹಿತ್ತಲಿಗೆ ತಾಗಿದ ಕೋಣೆಯ ಗೋಡೆ ನೆಲದಿಂದ ಎರಡು ಅಡಿಯವರೆಗೆ ಉಬ್ಬುತ್ತಿದ್ದು, ಬೆರಳು ತಾಗಿಸಿದರೆ ಪುಟ್ಟಿಯ ಜೊತೆಗೆ ಉಪ್ಪಿನಂಥ ಬಿಳಿಯ ಪುಡಿ ಉದುರುತ್ತದೆ. ಎರಡು ಸಲ ಕೆರೆಸಿ ಬಣ್ಣ ಬಳಿಸಿದರೂ ಪ್ರಯೋಜನವಾಗಲಿಲ್ಲ. ನೆಲಕ್ಕೂ, ಗೋಡೆಗೆ ನಾಲ್ಕು ಅಡಿಯವರೆಗೂ ಟೈಲ್ಸ್ ಹಾಕಿಸಿಬಿಡಿ ಎಂದು ಗುತ್ತಿಗೆದಾರರೊಬ್ಬರು ಹೇಳುತ್ತಿದ್ದಾರೆ. ಕೆಂಪು ನೆಲವನ್ನು ಮುಚ್ಚಲು ತಾಯಿಯವರಿಗೆ ಮನಸ್ಸಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1 (ಕಟ್ಟಡ ಕೆಲಸದ ಮೇಲ್ವಿಚಾರಕ, ರಾಜಾಜಿನಗರ)

ದಯವಿಟ್ಟು ಗೋಡೆಗೆ ಟೈಲ್ಸ್ ಹಾಕಿಸಬೇಡಿ. ನೆಲದಿಂದ ಏರುವ ತೇವಕ್ಕೆ ಆರಿಹೋಗಲು ಜಾಗ ಬೇಕು. ಅದನ್ನು ಮುಚ್ಚಿದರೆ ಟೈಲ್ಸಿನ ಹಿಂದೆಯೇ ಮೇಲೇರಿ ಐದನೆಯ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ನೀವು ಹೇಳುವ ಬಿಳಿ ಪುಡಿ, ನೀರು ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣವನ್ನು ಕರಗಿಸಿ ತಂದು, ತಾನು ಆರಿ ಲವಣವನ್ನು ಗೋಡೆಯ ಮೇಲೆ ಬಿಟ್ಟುಹೋದ ಗುರುತು.

ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಭದ್ರವಾಗಿ ಅಂಟಿಸಿ ಒಂದು ದಿನ ಬಿಡಿ. ಹನಿಗಳು ಹಾಳೆಯ ಹಿಂಬದಿಯಲ್ಲಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಗೆ ಕಂಡರೆ ಗಾಳಿಯಾಡದಿರುವುದೇ ಕಾರಣ. ಆಮೇಲೆ ಹಿತ್ತಲಿನಲ್ಲಿ ಒಂದು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡಿ.

ಮಣ್ಣಿನ ಹಿತ್ತಲಿದ್ದಾಗ ನೀರು ಇಂಗುತ್ತಿತ್ತು, ಬಿಸಿಲಿಗೆ ಆರುತ್ತಲೂ ಇತ್ತು. ಈಗ ಅದು ಗೋಡೆಯ ಬುಡದಲ್ಲಿ ನಿಂತು ತಳಪಾಯಕ್ಕೆ ಇಳಿಯುತ್ತಿರಬೇಕು. ಗೋಡೆಯ ಉದ್ದಕ್ಕೂ ಎರಡು ಅಡಿ ಅಗಲಕ್ಕೆ ಸಿಮೆಂಟು ಒಡೆಸಿ, ಅಲ್ಲಿನ ಮಟ್ಟವನ್ನು ಒಳನೆಲಕ್ಕಿಂತ ಕನಿಷ್ಠ ಆರು ಇಂಚು ಕೆಳಗೆ ತಂದು, ತಳದಲ್ಲಿ ತೂತಿನ ಪೈಪು ಇರಿಸಿ ಜಲ್ಲಿ ತುಂಬಿಸಿ. ಉಳಿದ ನೆಲ ಹತ್ತು ಅಡಿಗೆ ಎರಡು ಇಂಚಿನಂತೆ ಮನೆಯಿಂದ ಆಚೆಗೆ ಇಳಿಜಾರಾಗಿರಲಿ. ಒಳಗೆ ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಪ್ಲಾಸ್ಟರ್ ತೆಗೆಸಿ, ಒಂದು ಬೇಸಿಗೆ ಪೂರ್ತಿ ಇಟ್ಟಿಗೆಯನ್ನು ಒಣಗಲು ಬಿಡಿ. ಮತ್ತೆ ಬಳಿಸುವಾಗ ಸಿಮೆಂಟು ಬೇಡ, ಸುಣ್ಣದ ಗಾರೆ ಇರಲಿ. ಅದು ತೇವವನ್ನು ಹೊರಗೆ ಬಿಡುತ್ತದೆ. ಕೆಲಸ ನಿಧಾನವಾದರೂ ಇದನ್ನು ಬಿಟ್ಟು ಬೇರೆ ಯಾವುದೂ ನಿಲ್ಲುವುದಿಲ್ಲ.

ಉತ್ತರ 2 (ಮಲ್ಲೇಶ್ವರದ ಗೃಹಿಣಿ)

ನಿಮ್ಮ ತಾಯಿಯವರ ಮಾತು ಸರಿ. ನೆಲದ ಮೇಲೆಯೇ ಟೈಲ್ಸ್ ಕೂರಿಸಿದರೆ ಮಟ್ಟ ಏರಿ ಬಾಗಿಲುಗಳನ್ನೆಲ್ಲ ಕೆಳಗೆ ಕೊಯ್ಯಬೇಕಾಗುತ್ತದೆ, ಹೊಸ್ತಿಲೂ ತಗ್ಗಾಗಿ ಕಾಣುತ್ತದೆ. ಮಂಕಾದ ಕೆಂಪು ನೆಲಕ್ಕೆ ಆಸಿಡ್ ಮುಟ್ಟಿಸಬೇಡಿ. ನಮ್ಮ ದೇವರ ಕೋಣೆಯ ಹೊಸ್ತಿಲ ಬಳಿ ಯಾರೋ ಟಾಯ್ಲೆಟ್ ತೊಳೆಯುವ ದ್ರಾವಣ ಹಾಕಿದ್ದರಿಂದ ಅಂಗೈಯಗಲದ ಬೂದು ಕಲೆ ಇಂದಿಗೂ ಹೋಗಿಲ್ಲ. ಸೌಮ್ಯವಾದ ಸಾಬೂನಿನ ನೀರಿನಲ್ಲಿ ಒರೆಸಿ, ಚೆನ್ನಾಗಿ ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ತೀರ ಕಡಿಮೆ ಕೊಬ್ಬರಿ ಎಣ್ಣೆಯನ್ನು ತಿಕ್ಕಿ, ರಾತ್ರಿ ಕಳೆದು ಒಣ ಬಟ್ಟೆಯಿಂದ ಮತ್ತೆ ಒರೆಸಿ. ಎಣ್ಣೆ ಉಳಿದರೆ ಹಿರಿಯರು ಜಾರುತ್ತಾರೆ, ಈ ಎಚ್ಚರ ಬಹಳ ಮುಖ್ಯ.

ಉತ್ತರ 3 (ತೋಟಗಾರಿಕೆಯ ಹವ್ಯಾಸಿ, ಜಯನಗರ)

ಒಡೆದ ಜಾಗದಲ್ಲಿ ಗಿಡ ನೆಡಬೇಡಿ, ಅಲ್ಲಿ ಜಲ್ಲಿಯೇ ಇರಲಿ. ದಾಸವಾಳ, ಕರಿಬೇವುಗಳನ್ನು ಕಾಂಪೌಂಡಿನ ಕಡೆಗೆ ನೆಡಿ. ದೊಡ್ಡಪತ್ರೆಗೆ ಕುಂಡ ಸಾಕು. ತಾರಸಿಯ ನೀರನ್ನು ಗೋಡೆಯ ಬುಡಕ್ಕೆ ಬಿಡದೆ ಶೋಧಿಸಿ ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ತಿರುಗಿಸಿ: ನೂರು ಚದರ ಮೀಟರಿನ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರ್ ನೀರು ಅಷ್ಟೂ ಎಲ್ಲಿಗೋ ಹೋಗಲೇಬೇಕು. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ; ಬಗೆಬಗೆಯ ಮಾದರಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಾಳೆಯನ್ನು ಅಂಟಿಸಿ ನೋಡಿದೆವು, ಹನಿಗಳು ಹಿಂಬದಿಯಲ್ಲೇ ಇದ್ದವು. ಬಕೆಟ್ಟಿನ ನೀರೂ ನೇರವಾಗಿ ಕೋಣೆಯ ಗೋಡೆಗೇ ಹರಿದು ಬಂದು ನಿಂತಿತು. ಟೈಲ್ಸಿನ ಮಾತನ್ನು ಕೈಬಿಟ್ಟಿದ್ದೇವೆ. ಸೋಮವಾರ ಮೇಸ್ತ್ರಿಯವರು ಸಿಮೆಂಟು ಒಡೆಯಲು ಬರುತ್ತಾರೆ.